ಮೇಲ್ಮನೆಯಲ್ಲಿ ಊರಿನ ಪಾಲು: ಮೈಸೂರು ನ್ಯಾಯವಿಧಾಯಕ ಸಭೆಯಿಂದ ವಿಧಾನ ಪರಿಷತ್ತಿನವರೆಗೆ ಪ್ರಾದೇಶಿಕ ಪ್ರಾತಿನಿಧ್ಯ

ಎರಡು ಸದನಗಳಿರುವ ಶಾಸಕಾಂಗದಲ್ಲಿ ಕೆಳಮನೆಯು ಜನರನ್ನು ಪ್ರತಿನಿಧಿಸುತ್ತದೆ ಎಂಬ ವಿಷಯದಲ್ಲಿ ವಿವಾದವಿಲ್ಲ. ಮೇಲ್ಮನೆ ಯಾರನ್ನು ಪ್ರತಿನಿಧಿಸುತ್ತದೆ ಎಂಬ ಪ್ರಶ್ನೆಗೆ ಮಾತ್ರ ಒಂದೊಂದು ದೇಶ, ಒಂದೊಂದು ಕಾಲ ಬೇರೆ ಬೇರೆ ಉತ್ತರ ಕೊಟ್ಟಿದೆ. ಅರಸನ ಆಪ್ತರನ್ನು, ಭೂಮಾಲೀಕರನ್ನು, ವಿದ್ಯಾವಂತರನ್ನು, ಸೀಮೆಗಳನ್ನು ಹೀಗೆ ಉತ್ತರಗಳು ಹಲವು. ಕರ್ನಾಟಕದ ವಿಧಾನ ಪರಿಷತ್ತಿನ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಅದನ್ನು ಬೆಂಗಳೂರಿನಿಂದ ನೋಡಿದ್ದಾರೆ. ಅದೇ ಚರಿತ್ರೆಯನ್ನು ಹೊಳಲ್ಕೆರೆ ತಾಲ್ಲೂಕಿನ ಹೊರಕೆರೆದೇವಪುರದಂತಹ ಒಂದು ಊರಿನಿಂದ ನೋಡಿದರೆ ಕಾಣುವ ಚಿತ್ರ ಬೇರೆಯೇ ಆಗಿರುತ್ತದೆ. ರಾಜಧಾನಿಯ ಆ ಮನೆಯಲ್ಲಿ ಈ ಊರಿಗೆ ಪಾಲು ಎಂದು ದೊರೆಯಿತು, ಯಾವ ದಾರಿಯಿಂದ ದೊರೆಯಿತು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಪ್ರಶ್ನೆಯನ್ನು ಅತ್ಯಂತ ಸ್ಪಷ್ಟವಾಗಿ ಎತ್ತಿಕೊಂಡ ದೇಶ ಫ್ರಾನ್ಸ್. ಅಲ್ಲಿ ಮೂರನೆಯ ಗಣರಾಜ್ಯ 1875ರಲ್ಲಿ ಸೆನೆಟ್ ಸಭೆಯನ್ನು ರಚಿಸಿದಾಗ ಅದರ 300 ಸ್ಥಾನಗಳಲ್ಲಿ 75 ಆಜೀವ ಸ್ಥಾನಗಳಾಗಿದ್ದವು. ಉಳಿದ 225 ಸ್ಥಾನಗಳನ್ನು ಜಿಲ್ಲೆಗಳಿಗೂ ವಸಾಹತುಗಳಿಗೂ ಹಂಚಲಾಗಿತ್ತು. ಮತದಾರರ ಮಂಡಳಿಗೆ ಪ್ರತಿಯೊಂದು ಊರಿನ ಪುರಸಭೆ ಒಬ್ಬೊಬ್ಬ ಪ್ರತಿನಿಧಿಯನ್ನು ಕಳುಹಿಸುತ್ತಿತ್ತು. ಊರು ದೊಡ್ಡದಿರಲಿ ಸಣ್ಣದಿರಲಿ, ಪ್ರತಿನಿಧಿ ಒಬ್ಬನೇ. ಗಾಂಬೆತ್ತಾ ಎಂಬ ಗಣರಾಜ್ಯವಾದಿ ನಾಯಕ ಈ ಸಭೆಯನ್ನು ಫ್ರಾನ್ಸಿನ ಊರುಗಳ ಮಹಾಸಭೆ ಎಂಬ ಅರ್ಥದಲ್ಲಿ ಬಣ್ಣಿಸಿದ್ದು ಇದೇ ಕಾರಣಕ್ಕೆ. 1884ರ ತಿದ್ದುಪಡಿಯಿಂದ ಹೊಸ ಆಜೀವ ಸ್ಥಾನಗಳು ನಿಂತವು. ದೊಡ್ಡ ಊರುಗಳಿಗೆ ಹೆಚ್ಚು ಪ್ರತಿನಿಧಿಗಳು ದೊರೆತರು. ಆದರೂ ಹಳ್ಳಿಗಳ ಕೈ ಮೇಲಾಗಿಯೇ ಉಳಿಯಿತು. 1946ರ ನಾಲ್ಕನೆಯ ಗಣರಾಜ್ಯ ಈ ಸದನದ ಹೆಸರನ್ನೂ ಅಧಿಕಾರವನ್ನೂ ತಗ್ಗಿಸಿತು. 1958ರ ಐದನೆಯ ಗಣರಾಜ್ಯ ಹಳೆಯ ಹೆಸರನ್ನು ಮರಳಿ ತಂದಿತಲ್ಲದೆ, ಸೆನೆಟ್ ಸಭೆಯು ಪ್ರಾದೇಶಿಕ ಸ್ಥಳೀಯ ಸಂಸ್ಥೆಗಳನ್ನು ಪ್ರತಿನಿಧಿಸುತ್ತದೆ ಎಂದು ಸಂವಿಧಾನದ 24ನೆಯ ವಿಧಿಯಲ್ಲೇ ಬರೆಯಿತು. ಈ ಏರ್ಪಾಡನ್ನು ಬದಲಿಸಲು 1969ರ ಏಪ್ರಿಲ್‌ನಲ್ಲಿ ಜನಮತಗಣನೆಗೆ ಹೋದ ಅಧ್ಯಕ್ಷ ದ ಗಾಲ್ ಸೋತು ಅಧಿಕಾರವನ್ನೇ ಬಿಡಬೇಕಾಯಿತು.

ಫ್ರಾನ್ಸಿನ ಈ ಕಥೆ ದಕ್ಷಿಣ ಭಾರತಕ್ಕೆ ತೀರಾ ದೂರದ್ದಲ್ಲ. 1875ರ ಕಾನೂನಿನಂತೆ ಪಾಂಡಿಚೇರಿಯನ್ನು ಒಳಗೊಂಡ ಫ್ರೆಂಚ್ ಭಾರತಕ್ಕೆ ಪ್ಯಾರಿಸ್ಸಿನ ಸೆನೆಟ್‌ನಲ್ಲಿ ಒಂದು ಸ್ಥಾನವಿತ್ತು. ಆ ಸ್ಥಾನ ಅಲ್ಲಿನ ಸಾಮಾನ್ಯ ನೇಕಾರನಿಗೂ ಬೆಸ್ತನಿಗೂ ಎಷ್ಟು ಉಪಯೋಗಕ್ಕೆ ಬಂದಿತು ಎಂಬುದು ಬೇರೆ ಮಾತು. ಆದರೆ ಮೇಲ್ಮನೆಯಲ್ಲಿ ಪ್ರದೇಶಕ್ಕೊಂದು ಸ್ಥಾನ ಎಂಬ ಕಲ್ಪನೆ ಮೈಸೂರಿನ ನೆರೆಯಲ್ಲೇ ಕಾನೂನಿನ ರೂಪದಲ್ಲಿತ್ತು ಎಂಬುದು ಗಮನಾರ್ಹ. ಮೈಸೂರು ಹಿಡಿದದ್ದು ಬೇರೆ ದಾರಿ.

1881ರ ಮಾರ್ಚ್ 25ರಂದು ಆಡಳಿತ ಒಡೆಯರ ಕೈಗೆ ಮರಳಿದಾಗ ಸಂಸ್ಥಾನ 1876-78ರ ಭೀಕರ ಬರದಿಂದ ಇನ್ನೂ ಚೇತರಿಸಿಕೊಂಡಿರಲಿಲ್ಲ. 1871ರಲ್ಲಿ ಐವತ್ತು ಲಕ್ಷವನ್ನು ಮೀರಿದ್ದ ಜನಸಂಖ್ಯೆ 1881ರ ಎಣಿಕೆಯಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಅದೇ ವರ್ಷ ಅಕ್ಟೋಬರ್ 7ರಂದು ದಿವಾನ್ ರಂಗಾಚಾರ್ಲು ಅವರು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದರು. ಮೊದಲ ಸಭೆಯ 144 ಸದಸ್ಯರು ತಾಲ್ಲೂಕುಗಳಿಂದ ಬಂದ ಭೂಮಾಲೀಕ ರೈತರು ಮತ್ತು ವರ್ತಕರು. ಕಾನೂನು ಮಾಡುವ ಅಧಿಕಾರ ಅವರಿಗಿರಲಿಲ್ಲ. ವರ್ಷದ ಆಡಳಿತದ ವರದಿಯನ್ನು ಕೇಳಿ, ತಮ್ಮ ಸೀಮೆಯ ಕುಂದುಕೊರತೆಗಳನ್ನು ಅರಿಕೆ ಮಾಡಿಕೊಂಡು ಮರಳುವುದು ಅವರ ಕೆಲಸ. ಇಷ್ಟಾದರೂ, ಒಂದು ತಾಲ್ಲೂಕು ತಾಲ್ಲೂಕೆಂಬ ಕಾರಣಕ್ಕೇ ದಿವಾನರ ಎದುರು ಕುಳಿತುಕೊಳ್ಳುವ ಹಕ್ಕನ್ನು ಪಡೆದದ್ದು ಇಲ್ಲಿಯೇ. ಸಭೆಯನ್ನು ದಸರೆಯ ಹೊತ್ತಿಗೆ ಸೇರಿಸಿದ್ದರಲ್ಲಿಯೂ ಅರ್ಥವಿದೆ. ಹಬ್ಬದ ದರ್ಬಾರಿಗೆ ಸೀಮೆ ಸೀಮೆಯವರು ಬಂದು ಕಾಣಿಕೆ ಒಪ್ಪಿಸುವ ಹಳೆಯ ವಾಡಿಕೆಯ ಬೆನ್ನ ಮೇಲೆಯೇ ಹೊಸ ಸಂಸ್ಥೆಯೊಂದನ್ನು ಕೂರಿಸಲಾಯಿತು.

ಚಿತ್ರದುರ್ಗದ ಮಟ್ಟಿಗೆ ಈ ಆರಂಭ ಅಷ್ಟು ಶುಭಕರವಾಗಿರಲಿಲ್ಲ. ಬರದ ನಂತರದ ಮಿತವ್ಯಯದ ಅಂಗವಾಗಿ 1882ರಲ್ಲಿ ಜಿಲ್ಲೆಯನ್ನೇ ರದ್ದುಗೊಳಿಸಲಾಯಿತು. 1886ರಲ್ಲಿ ಅದು ಮರಳಿ ಸ್ಥಾಪನೆಯಾಯಿತು. ಸೀಮೆಗಳನ್ನು ಕರೆದು ಮಾತು ಕೇಳಿಸಿಕೊಳ್ಳುವ ಸಭೆ ಕಣ್ಣು ಬಿಡುತ್ತಿದ್ದ ವರ್ಷಗಳಲ್ಲೇ ಈ ಸೀಮೆ ತನ್ನ ಆಡಳಿತದ ಗುರುತನ್ನು ಕಳೆದುಕೊಂಡಿತ್ತು.

ಸದಸ್ಯರನ್ನು ಚುನಾವಣೆಯಿಂದ ಆರಿಸುವ ಪದ್ಧತಿ 1891ರಲ್ಲಿ ಬಂದಿತು. ಮತಾಧಿಕಾರಕ್ಕೆ ಮುಖ್ಯ ಆಧಾರ ಸಲ್ಲಿಸುವ ಕಂದಾಯ ಮತ್ತು ಆಸ್ತಿ. ಜಾನಪದ ಅಧ್ಯಯನದ ದೃಷ್ಟಿಯಿಂದ ಇಲ್ಲಿ ಒಂದು ಮಾತು ಹೇಳಬೇಕಾಗುತ್ತದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಬಯಲಿನಲ್ಲಿ ಕಂದಾಯದ ಊರುಗಳ ಜೊತೆಜೊತೆಗೆ ಹಟ್ಟಿಗಳ ಲೋಕವೊಂದಿತ್ತು, ಇದೆ. ಕಾಡುಗೊಲ್ಲರು ಮತ್ತು ಮ್ಯಾಸಬೇಡರು ಪಶುಪಾಲನೆಯನ್ನು ಆಧರಿಸಿ ಕಟ್ಟಿಕೊಂಡ ಈ ಲೋಕಕ್ಕೆ ತನ್ನದೇ ಆದ ಪ್ರಾತಿನಿಧ್ಯದ ವ್ಯವಸ್ಥೆಯಿತ್ತು. ಅದೇ ಕಟ್ಟೆಮನೆ. ಹಲವು ಹಟ್ಟಿಗಳು ಒಂದು ಕಟ್ಟೆಮನೆಗೆ ಸೇರುತ್ತವೆ. ಕುಲದ ಕಟ್ಟುಪಾಡು, ದೇವರ ಕಾರ್ಯ, ನ್ಯಾಯ ತೀರ್ಮಾನ ಮುಂತಾದವುಗಳಿಗೆ ಹಟ್ಟಿಯ ಹಿರಿಯರು ತಮ್ಮ ಹಟ್ಟಿಯ ಪರವಾಗಿ ಅಲ್ಲಿ ಕೂರುತ್ತಾರೆ. ಇದನ್ನು ಪ್ರಜಾಪ್ರಭುತ್ವ ಎಂದು ಕರೆಯುವುದು ಅತಿಶಯೋಕ್ತಿಯಾದೀತು. ಸ್ಥಾನಗಳು ಬಹುಮಟ್ಟಿಗೆ ವಂಶಪಾರಂಪರ್ಯ, ಹೆಂಗಸರಿಗೆ ಅಲ್ಲಿ ಮಾತಿಲ್ಲ. ಆದರೆ ಪ್ರತಿಯೊಂದು ಹಟ್ಟಿಗೂ ಒಂದು ದನಿ ಇರಬೇಕೆಂಬ ತಿಳಿವಳಿಕೆ ಅದರಲ್ಲಿತ್ತು. ಕಂದಾಯದ ಪುಸ್ತಕವನ್ನು ಮುಂದಿಟ್ಟುಕೊಂಡು ಮತದಾರರನ್ನು ಎಣಿಸಿದ ಹೊಸ ವ್ಯವಸ್ಥೆಯಲ್ಲಿ ಕುರಿ, ದನಗಳೇ ಆಸ್ತಿಯಾಗಿದ್ದ ಈ ಜನ ಸಹಜವಾಗಿ ಹೊರಗುಳಿದರು. ಮೇಲ್ಮನೆ ಎಂಬ ಕನ್ನಡ ಪದದೊಳಗಿನ ಮನೆಯೂ ಕಟ್ಟೆಮನೆಯೊಳಗಿನ ಮನೆಯೂ ಒಂದೇ. ಎರಡೂ ಮನೆಗಳ ನಡುವೆ ಮಾತ್ರ ಬಹುಕಾಲ ದಾರಿ ಇರಲಿಲ್ಲ.

ಕಾನೂನು ಮಾಡುವ ಸಭೆ ಹುಟ್ಟಿದ್ದು 1907ರಲ್ಲಿ, ದಿವಾನ್ ವಿ.ಪಿ. ಮಾಧವರಾವ್ ಅವರ ಕಾಲದಲ್ಲಿ. ಹಿರಿಯೂರಿನ ಬಳಿ ವೇದಾವತಿಗೆ ಕಟ್ಟಿದ ಮಾರಿಕಣಿವೆ ಅಣೆಕಟ್ಟು ಪೂರ್ಣಗೊಂಡದ್ದೂ ಅದೇ ವರ್ಷ. ಈ ಭಾಗದ ಜನರ ನೆನಪಿನಲ್ಲಿ 1907 ಉಳಿದಿರುವುದು ಅಣೆಕಟ್ಟಿನಿಂದಲೇ ಹೊರತು ಸಭೆಯಿಂದಲ್ಲ. ನ್ಯಾಯವಿಧಾಯಕ ಸಭೆ ಎಂದು ಕರೆಯಲಾದ ಈ ಸಣ್ಣ ಮಂಡಳಿಯಲ್ಲಿ ಅಧಿಕಾರಿಗಳೂ ಸರ್ಕಾರ ನೇಮಿಸಿದವರೂ ತುಂಬಿದ್ದರು. ಪ್ರಜಾಪ್ರತಿನಿಧಿ ಸಭೆಗೆ ಅದರೊಳಕ್ಕೆ ಇಬ್ಬರನ್ನು ಆರಿಸಿ ಕಳುಹಿಸುವ ಅವಕಾಶ ಮಾತ್ರ ದೊರೆಯಿತು. ಇಡೀ ಸಂಸ್ಥಾನದ ತಾಲ್ಲೂಕುಗಳಿಗೆ ಇಬ್ಬರು! ಮೈಸೂರಿನ ವಿಶಿಷ್ಟತೆ ಇರುವುದು ಇಲ್ಲಿಯೇ. ಪ್ರದೇಶಗಳನ್ನು ಪ್ರತಿನಿಧಿಸುವ ದೊಡ್ಡ ಸಭೆಗೆ ಅಧಿಕಾರವಿರಲಿಲ್ಲ. ಅಧಿಕಾರದ ಅಂಶವಿದ್ದ ಸಣ್ಣ ಸಭೆಗೆ ಪ್ರದೇಶದ ಸಂಬಂಧವಿರಲಿಲ್ಲ. ಫ್ರಾನ್ಸಿನಲ್ಲಿ ಮೇಲ್ಮನೆಯೇ ಊರುಗಳ ಸಭೆಯಾದರೆ, ಇಲ್ಲಿ ಊರುಗಳ ಸಭೆಯೇ ಬೇರೆ, ಮೇಲ್ಮನೆಯ ಪೂರ್ವರೂಪವೇ ಬೇರೆ.

1923ರ ಸುಧಾರಣೆ ಈ ಅಂತರವನ್ನು ಸ್ವಲ್ಪ ಕಡಿಮೆ ಮಾಡಿತು. ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಬ್ರಜೇಂದ್ರನಾಥ ಸೀಲ್ ಅವರ ಅಧ್ಯಕ್ಷತೆಯ ಸಮಿತಿ ನೀಡಿದ ವರದಿಯ ಆಧಾರದ ಮೇಲೆ ನ್ಯಾಯವಿಧಾಯಕ ಸಭೆಯ ಬಲ 50ಕ್ಕೆ ಏರಿತು. ಅವರಲ್ಲಿ 22 ಮಂದಿ ಚುನಾಯಿತರು. 1927ರಿಂದ 1940ರವರೆಗೆ ಇದರ ಸದಸ್ಯರಾಗಿದ್ದ ಡಿ.ವಿ. ಗುಂಡಪ್ಪನವರಂಥವರಿಂದ ಸಭೆಗೆ ವೈಚಾರಿಕ ಘನತೆ ಬಂದಿತೆಂಬುದು ನಿಜ. ಆದರೆ ಘನತೆ ಬೇರೆ, ಪ್ರಾತಿನಿಧ್ಯ ಬೇರೆ. 1940ರ ಶಾಸನದಿಂದ ಸದಸ್ಯರ ಸಂಖ್ಯೆ 68 ಆಗಿ, 44 ಮಂದಿ ಚುನಾಯಿತರಾದರು. ಚುನಾಯಿತರು ಬಹುಸಂಖ್ಯಾತರಾದದ್ದು ಆಗಲೇ. ಅಷ್ಟರಲ್ಲಿ ಜವಾಬ್ದಾರಿ ಸರ್ಕಾರದ ಬೇಡಿಕೆ ಬೀದಿಗೆ ಬಂದಿತ್ತು. 1949ರ ಡಿಸೆಂಬರಿನಲ್ಲಿ ಎರಡೂ ಸಭೆಗಳು ವಿಸರ್ಜನೆಯಾದವು.

1950ರ ಸಂವಿಧಾನ ಹಳೆಯ ಸಂಸ್ಥಾನಗಳಿಂದ ಉಂಟಾದ ರಾಜ್ಯಗಳ ಪೈಕಿ ಎರಡು ಸದನಗಳನ್ನು ನೀಡಿದ್ದು ಮೈಸೂರಿಗೆ ಮಾತ್ರ. ಆಗಿನ ನಿಯಮದಂತೆ ಪರಿಷತ್ತಿನ ಬಲ ವಿಧಾನಸಭೆಯ ನಾಲ್ಕನೇ ಒಂದು ಭಾಗವನ್ನು ಮೀರುವಂತಿರಲಿಲ್ಲ, ಆದರೆ 40ಕ್ಕಿಂತ ಕಡಿಮೆಯೂ ಇರುವಂತಿರಲಿಲ್ಲ. ಮೈಸೂರಿನ ವಿಧಾನಸಭೆಗೆ 1952ರಲ್ಲಿ ಚುನಾಯಿತರಾಗಬೇಕಾಗಿದ್ದವರು 99 ಮಂದಿ. ಹೀಗಾಗಿ ಕನಿಷ್ಠ ಮಿತಿಯೇ ಅನ್ವಯವಾಗಿ ಪರಿಷತ್ತಿಗೆ 40 ಸ್ಥಾನಗಳು ದೊರೆತವು.

ಸಂವಿಧಾನದ 171ನೆಯ ವಿಧಿ ಈ ಸ್ಥಾನಗಳನ್ನು ಹಂಚಿರುವ ಕ್ರಮವನ್ನು ನಿಧಾನವಾಗಿ ಓದಬೇಕು. ಮೂರನೇ ಒಂದು ಭಾಗವನ್ನು ವಿಧಾನಸಭೆಯ ಸದಸ್ಯರು ಆರಿಸುತ್ತಾರೆ. ಮೂರನೇ ಒಂದು ಭಾಗವನ್ನು ಸ್ಥಳೀಯ ಸಂಸ್ಥೆಗಳು. ಹನ್ನೆರಡನೇ ಒಂದು ಭಾಗವನ್ನು ಪದವೀಧರರು, ಅಷ್ಟೇ ಭಾಗವನ್ನು ಶಿಕ್ಷಕರು. ಉಳಿದವರನ್ನು ರಾಜ್ಯಪಾಲರು ನೇಮಿಸುತ್ತಾರೆ. ಪರಿಷತ್ತು ಪ್ರದೇಶಗಳನ್ನು ಪ್ರತಿನಿಧಿಸುತ್ತದೆ ಎಂಬ ಮಾತು ಇಲ್ಲಿ ಎಲ್ಲಿಯೂ ಇಲ್ಲ. ಫ್ರಾನ್ಸಿನ 24ನೆಯ ವಿಧಿಗೂ ಇದಕ್ಕೂ ಇರುವ ವ್ಯತ್ಯಾಸ ಮೂಲಭೂತವಾದದ್ದು. ಇಲ್ಲಿ ಪ್ರದೇಶ ಬಂದಿರುವುದು ಸ್ಥಳೀಯ ಸಂಸ್ಥೆ ಎಂಬ ಪಕ್ಕದ ಬಾಗಿಲಿನಿಂದ. ಆ ಸಂಸ್ಥೆಗಳು ಜೀವಂತವಾಗಿದ್ದರೆ ಪ್ರದೇಶಕ್ಕೆ ದನಿಯುಂಟು, ಇಲ್ಲವಾದರೆ ಇಲ್ಲ.

1956ರ ಏಕೀಕರಣ ಮತ್ತೊಂದು ಬದಲಾವಣೆ ತಂದಿತು. ಮುಂಬಯಿ ಮತ್ತು ಮದರಾಸು ಪ್ರಾಂತ್ಯಗಳಿಂದ ಬಂದ ಕನ್ನಡಿಗರಿಗೆ ಮೇಲ್ಮನೆಯ ಪರಿಚಯವಿತ್ತು. ಹೈದರಾಬಾದು ರಾಜ್ಯಕ್ಕಾಗಲಿ ಕೊಡಗಿಗಾಗಲಿ ಎರಡನೆಯ ಸದನವಿರಲಿಲ್ಲ. ಬೀದರ, ಗುಲ್ಬರ್ಗ, ರಾಯಚೂರು, ಕೊಡಗುಗಳ ಜನ ತಮ್ಮ ರಾಜ್ಯದಲ್ಲಿ ಮೇಲ್ಮನೆಯನ್ನು ಕಂಡದ್ದು ಆಗಲೇ ಮೊದಲು. ಪರಿಷತ್ತಿನ ಮಿತಿಯನ್ನು ಏಳನೆಯ ತಿದ್ದುಪಡಿ ವಿಧಾನಸಭೆಯ ಮೂರನೇ ಒಂದು ಭಾಗಕ್ಕೆ ಏರಿಸಿದ್ದರಿಂದ 1957ರಲ್ಲಿ ಸದಸ್ಯಬಲ 63 ಆಯಿತು, 1987ರಲ್ಲಿ 75 ಆಯಿತು. ಈ 75ರಲ್ಲಿ 25 ಸ್ಥಾನಗಳು ಸ್ಥಳೀಯ ಸಂಸ್ಥೆಗಳಿಗೆ. ಅವು 20 ಕ್ಷೇತ್ರಗಳಲ್ಲಿ ಹಂಚಿಹೋಗಿವೆ. ಕೆಲವು ದೊಡ್ಡ ಕ್ಷೇತ್ರಗಳಿಗೆ ಇಬ್ಬರು, ಚಿತ್ರದುರ್ಗಕ್ಕೆ ಒಬ್ಬರು.

ಈ ಕ್ಷೇತ್ರಗಳ ಭೂಪಟದಲ್ಲಿ ಒಂದು ಕುತೂಹಲದ ಅಂಶವಿದೆ. 1997ರಲ್ಲಿ ದಾವಣಗೆರೆ ಪ್ರತ್ಯೇಕ ಜಿಲ್ಲೆಯಾಯಿತು. ಮೇಲ್ಮನೆಯ ಚಿತ್ರದುರ್ಗ ಕ್ಷೇತ್ರ ಮಾತ್ರ ದಾವಣಗೆರೆ, ಹರಿಹರ, ಜಗಳೂರುಗಳನ್ನು ಬಿಟ್ಟುಕೊಡದೆ ಹಳೆಯ ಜಿಲ್ಲೆಯ ಆಕಾರವನ್ನೇ ಉಳಿಸಿಕೊಂಡಿತು. ಒಮ್ಮೆ ಜಿಲ್ಲೆಯನ್ನೇ ಕಳೆದುಕೊಂಡಿದ್ದ ಸೀಮೆ ಈಗ ಇಲ್ಲದ ಜಿಲ್ಲೆಯೊಂದನ್ನು ಮೇಲ್ಮನೆಯಲ್ಲಿ ಉಳಿಸಿಕೊಂಡಿದೆ ಎನ್ನಬಹುದು. ಪದವೀಧರರ ಮತ್ತು ಶಿಕ್ಷಕರ ಕ್ಷೇತ್ರಗಳದು ಮತ್ತೊಂದು ಬಗೆ. ಅವುಗಳಿಗೆ ಬೆಂಗಳೂರನ್ನು ಬಿಟ್ಟರೆ ದಿಕ್ಕುಗಳ ಹೆಸರು. ಚಿತ್ರದುರ್ಗ ಸೇರಿರುವುದು ತುಮಕೂರು, ಕೋಲಾರಗಳೊಂದಿಗೆ ಆಗ್ನೇಯ ಕ್ಷೇತ್ರಕ್ಕೆ. ಬಯಲುಸೀಮೆ, ಮಲೆನಾಡು ಎಂದು ನೆಲವನ್ನು ಗುರುತಿಸುವ ಜನರ ಮಾತಿನಲ್ಲಿ ಆಗ್ನೇಯ ಎಂಬ ನಾಡು ಇಲ್ಲ. ರಾಜ್ಯದ ನಡುವಿನಲ್ಲಿರುವ ದುರ್ಗವನ್ನು ಆಗ್ನೇಯ ಎಂದು ಕರೆಯುವುದು ಚುನಾವಣಾ ಕಡತದಲ್ಲಿ ಮಾತ್ರ ಸಾಧ್ಯ. ನಾಮಕರಣದ ಸ್ಥಾನಗಳಿಂದ ಪ್ರದೇಶಕ್ಕೆ ನೇರ ಲಾಭವಿಲ್ಲವಾದರೂ, ಸಿದ್ಧಲಿಂಗಯ್ಯ, ಚಂದ್ರಶೇಖರ ಕಂಬಾರರಂತಹ ಲೇಖಕರು ಆ ದಾರಿಯಿಂದ ಸದನಕ್ಕೆ ಬಂದಾಗ ಕಂದಾಯದ ಪುಸ್ತಕ ಎಣಿಸದ ಲೋಕಗಳ ಅನುಭವವೂ ಅವರೊಡನೆ ಒಳಗೆ ಬಂದಿತು.

ಹೊರಕೆರೆದೇವಪುರದಂತಹ ಊರುಗಳ ಮಟ್ಟಿಗೆ ನಿಜವಾದ ತಿರುವು ಬಂದದ್ದು ಪಂಚಾಯತ್ ರಾಜ್ ವ್ಯವಸ್ಥೆಯಿಂದ. 1993ರ ಕರ್ನಾಟಕ ಅಧಿನಿಯಮದಡಿ ರೂಪುಗೊಂಡ ಗ್ರಾಮ ಪಂಚಾಯಿತಿಗಳ ಸದಸ್ಯರು ಮೇಲ್ಮನೆಯ ಮತದಾರರೂ ಆದರು. ಮೀಸಲಾತಿಯ ಫಲವಾಗಿ ಪರಿಶಿಷ್ಟರು, ಹಿಂದುಳಿದವರು, ಮಹಿಳೆಯರು ಈ ಮತದಾರರಲ್ಲಿ ದೊಡ್ಡ ಸಂಖ್ಯೆಯಲ್ಲಿ ಸೇರಿದರು. ಕಟ್ಟೆಮನೆಯಲ್ಲಿ ಮಾತಿಲ್ಲದಿದ್ದ ಹಟ್ಟಿಯ ಹೆಣ್ಣುಮಗಳು ಪಂಚಾಯಿತಿ ಸದಸ್ಯೆಯಾಗಿ ಮೇಲ್ಮನೆಗೆ ಮತ ಹಾಕುವುದು ಸಾಧ್ಯವಾಯಿತು. ಒಂದು ನೂರು ವರ್ಷಗಳಿಗೂ ಹೆಚ್ಚಿನ ಈ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಬದಲಾವಣೆ ಬೇರೆ ಕಾಣುವುದಿಲ್ಲ. ಪಂಚಾಯಿತಿ ಸದಸ್ಯರ ಮತಗಳಿಗಾಗಿ ನಡೆಯುವ ಹಣದ ಆಮಿಷದ ದೂರುಗಳನ್ನು ಮುಂದಿಟ್ಟು ಈ ಮತಾಧಿಕಾರವನ್ನೇ ಹಳಿಯುವವರಿದ್ದಾರೆ. ದೂರು ಸುಳ್ಳಲ್ಲದಿರಬಹುದು, ಆದರೆ ಆಮಿಷ ಒಡ್ಡುವವರನ್ನು ಬಿಟ್ಟು ಮತ ಇರುವವರನ್ನು ದೂಷಿಸುವುದು ನ್ಯಾಯವೆನಿಸುವುದಿಲ್ಲ.

2021ರ ಡಿಸೆಂಬರ್ 10ರಂದು ಈ 25 ಸ್ಥಾನಗಳಿಗೆ ನಡೆದ ಚುನಾವಣೆ ವ್ಯವಸ್ಥೆಯ ಬಲವನ್ನೂ ದೌರ್ಬಲ್ಯವನ್ನೂ ಒಟ್ಟಿಗೆ ತೋರಿಸಿತು. ಸ್ಥಳೀಯ ಸಂಸ್ಥೆಗಳ ಪೈಕಿ ಕನಿಷ್ಠ ಮುಕ್ಕಾಲು ಭಾಗ ಅಸ್ತಿತ್ವದಲ್ಲಿದ್ದು, ಮತದಾರರಲ್ಲಿ ಮುಕ್ಕಾಲು ಭಾಗ ಲಭ್ಯವಿದ್ದರೆ ಮಾತ್ರ ಇಂಥ ಚುನಾವಣೆ ನಡೆಸುವುದು ಚುನಾವಣಾ ಆಯೋಗ ಪಾಲಿಸಿಕೊಂಡು ಬಂದಿರುವ ಕ್ರಮ. ಆ ಹೊತ್ತಿಗೆ ಜಿಲ್ಲಾ ಪಂಚಾಯಿತಿ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ ಮುಗಿದು, ಹೊಸ ಚುನಾವಣೆ ನಡೆದಿರಲಿಲ್ಲ. ಅಂದರೆ 1881ರಲ್ಲಿ ಪ್ರಾತಿನಿಧ್ಯದ ಘಟಕವಾಗಿದ್ದ ತಾಲ್ಲೂಕಿನ ಹೆಸರಿನಲ್ಲಿ ಮತ ಹಾಕಲು ಹೊಳಲ್ಕೆರೆಯಲ್ಲಾಗಲಿ ಹೊಸದುರ್ಗದಲ್ಲಾಗಲಿ ಒಬ್ಬ ಸದಸ್ಯನೂ ಇರಲಿಲ್ಲ. ಹಿಂದಿನ ವರ್ಷದ ಕೊನೆಯಲ್ಲಿ ಗ್ರಾಮ ಪಂಚಾಯಿತಿಗಳಿಗೆ ಚುನಾವಣೆ ನಡೆದಿದ್ದರಿಂದ ಮತ್ತು ಸಂಖ್ಯೆಯಲ್ಲಿ ಅವರೇ ಬಹುಪಾಲಾಗಿದ್ದರಿಂದ ಮೇಲ್ಮನೆಯ ಮೂರನೇ ಒಂದು ಭಾಗ ಖಾಲಿ ಬೀಳಲಿಲ್ಲ. ಆಯೋಗ ಕೊಟ್ಟ ನೇರಳೆ ಬಣ್ಣದ ಪೆನ್ನಿನಿಂದ ಅಭ್ಯರ್ಥಿಗಳ ಹೆಸರಿನ ಮುಂದೆ ಒಂದು, ಎರಡು ಎಂದು ಅಂಕಿ ಬರೆದು ಆ ಸ್ಥಾನಗಳನ್ನು ತುಂಬಿದವರಲ್ಲಿ ಹೆಚ್ಚಿನವರು ಹಳ್ಳಿಗಳ ಸದಸ್ಯರು.