ಮಧ್ಯಾಹ್ನ ಒಂದು ಗಂಟೆಯ ಕಚೇರಿ

ಇಪ್ಪತ್ತು ನಿಮಿಷದಷ್ಟೇ ಉದ್ದದ ಒಂದು ಕಪ್ಪುಬಿಳುಪು ಸಾಕ್ಷ್ಯಚಿತ್ರ ಇದೆ, ‘ಲಿಸನ್ ಟು ಬ್ರಿಟನ್’ ಅಂತ. ಹಂಫ್ರಿ ಜೆನ್ನಿಂಗ್ಸ್ ಮತ್ತು ಸ್ಟೀವರ್ಟ್ ಮೆಕಾಲಿಸ್ಟರ್ ಸೇರಿ 1942ರಲ್ಲಿ ಮಾಡಿದ್ದು. ಯುದ್ಧಕಾಲದ ಪ್ರಚಾರಕ್ಕೆಂದೇ ತಯಾರಾದ ಚಿತ್ರವಾದರೂ ದೃಶ್ಯಗಳ ಮೇಲೆ ವಿವರಣೆಯ ದನಿ ಹೇರಿಲ್ಲ. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಇಬ್ಬರು ಹಾಸ್ಯಗಾರರು ಹಾಡುತ್ತಿರುತ್ತಾರೆ, ಕಾರ್ಮಿಕರು ಊಟ ಮಾಡುತ್ತ ಶಿಳ್ಳೆ ಹಾಕುತ್ತಿರುತ್ತಾರೆ. ಆ ಹಾಡಿನ ಬೆನ್ನಿಗೇ ಮೊಜಾರ್ಟ್‌ನ ಪಿಯಾನೊ ಕಾನ್ಸರ್ಟೊ ಶುರುವಾಗುತ್ತದೆ. ಈಗ ನಾವು ಲಂಡನ್ನಿನ ನ್ಯಾಷನಲ್ ಗ್ಯಾಲರಿಯೊಳಗೆ ಇದ್ದೇವೆ. ಸಮವಸ್ತ್ರದ ಸೈನಿಕರು, ಆಫೀಸಿನ ಹುಡುಗಿಯರು, ಸಾಲಿನಲ್ಲಿ ಕೂತ ರಾಣಿ. ಪಿಯಾನೊ ಮುಂದೆ ಮೈರಾ ಹೆಸ್.

ನಾನು ಈ ಚಿತ್ರವನ್ನು ಮೊದಲ ಸಲ ಹಾಸ್ಟೆಲಿನಲ್ಲಿ ಲ್ಯಾಪ್‌ಟಾಪಿನ ಮೇಲೆ ನೋಡಿದಾಗ ರಾಣಿಗಿಂತ ಹೆಚ್ಚಾಗಿ ಕಣ್ಣಿಗೆ ಬಿದ್ದವರು ಸ್ಯಾಂಡ್‌ವಿಚ್ ತಿನ್ನುತ್ತಿದ್ದ ಜನ. ಅವರ ಊಟದ ಹೊತ್ತಿನ ಚರಿತ್ರೆ ನನಗೆ ಆಮೇಲೂ ಬಿಡದೆ ಕಾಡಿತು. ಧೈರ್ಯದ ಕತೆಯಾಗಿ ಎಲ್ಲರೂ ಹೇಳುವ ಈ ಕಚೇರಿಗಳ ಹಿಂದೆ ಒಂದು ಸಣ್ಣ, ಜಾಣ ಲೆಕ್ಕಾಚಾರವಿತ್ತು. ಜೊತೆಗೆ ಆ ಕತೆಯ ಚೌಕಟ್ಟಿನಿಂದ ಹೊರಗುಳಿದ ಕೆಲವರೂ ಇದ್ದರು.

1939ರ ಸೆಪ್ಟೆಂಬರ್ 3ರಂದು ಬ್ರಿಟನ್ ಯುದ್ಧ ಘೋಷಿಸಿತು. ಬಾಂಬ್ ದಾಳಿಯ ಭಯಕ್ಕೆ ಸರ್ಕಾರ ನಾಟಕಶಾಲೆ, ಸಿನಿಮಾ, ಸಂಗೀತ ಸಭಾಂಗಣಗಳನ್ನೆಲ್ಲ ಮುಚ್ಚಿಸಿತು. ರಾತ್ರಿ ದೀಪ ಹಚ್ಚುವಂತಿಲ್ಲ. ಬಿಬಿಸಿ ರೇಡಿಯೊದಲ್ಲಿ ಗ್ರಾಮಫೋನ್ ತಟ್ಟೆಗಳು ಮತ್ತು ಸಿನಿಮಾ ಆರ್ಗನ್ನಿನ ಸಂಗೀತವೇ ಬಹುಪಾಲು. ಸಂಗೀತಗಾರರ ಹೊಟ್ಟೆಪಾಡು ಒಂದೇ ವಾರದಲ್ಲಿ ಬೀದಿಗೆ ಬಿತ್ತು. ಅತ್ತ ಟ್ರಫಾಲ್ಗರ್ ಚೌಕದ ನ್ಯಾಷನಲ್ ಗ್ಯಾಲರಿಯ ಚಿತ್ರಗಳನ್ನೆಲ್ಲ ಯುದ್ಧ ಘೋಷಣೆಗೆ ಮುಂಚೆಯೇ ರೈಲು ಹತ್ತಿಸಿ ವೇಲ್ಸ್‌ಗೆ ಸಾಗಿಸಲಾಗಿತ್ತು. ಮುಂದೆ 1941ರಲ್ಲಿ ಅವು ಮ್ಯಾನಡ್ ಬೆಟ್ಟದ ಸ್ಲೇಟ್‌ಕಲ್ಲಿನ ಗಣಿಯೊಳಗೆ ಸೇರಿದವು. ಹೀಗಾಗಿ ನಗರದ ನಡುಮಧ್ಯದಲ್ಲಿ ಒಂದು ದೊಡ್ಡ ಕಟ್ಟಡ ಸುಮ್ಮನೆ ಖಾಲಿ ನಿಂತಿತ್ತು.

ಮೈರಾ ಹೆಸ್‌ಗೆ ಆಗ 49 ವರ್ಷ. ಲಂಡನ್ನಿನ ಯೆಹೂದಿ ಮನೆತನದಲ್ಲಿ ಹುಟ್ಟಿ, ಟೋಬಿಯಾಸ್ ಮ್ಯಾಥೆಯ ಬಳಿ ಪಾಠ ಕಲಿತು, ಇಂಗ್ಲೆಂಡಿಗಿಂತ ಅಮೆರಿಕದಲ್ಲೇ ಹೆಚ್ಚು ಹೆಸರು ಮಾಡಿದ್ದಾಕೆ. ಆ ಚಳಿಗಾಲ ಅಮೆರಿಕ ಪ್ರವಾಸ ಗೊತ್ತಾಗಿತ್ತು, ಅದನ್ನು ರದ್ದು ಮಾಡಿದಳು. ಗ್ಯಾಲರಿಯ ನಿರ್ದೇಶಕ ಕೆನೆತ್ ಕ್ಲಾರ್ಕ್‌ನನ್ನು ಕಂಡು, ಆಗೊಮ್ಮೆ ಈಗೊಮ್ಮೆ ಇಲ್ಲಿ ಒಂದು ಕಚೇರಿ ಮಾಡಬಹುದೇ ಎಂದು ಕೇಳಿದಳು. ಆಗೊಮ್ಮೆ ಈಗೊಮ್ಮೆ ಏಕೆ, ದಿನಾ ಮಾಡೋಣ ಎಂದ ಕ್ಲಾರ್ಕ್. ಅವನಿಗಿನ್ನೂ 36. ಸರ್ಕಾರಿ ಹುದ್ದೆಯಲ್ಲಿದ್ದುಕೊಂಡು ಕೇಳಿದ್ದಕ್ಕಿಂತ ಹೆಚ್ಚು ಕೊಡುವ ಅಧಿಕಾರಿಗಳು ಚರಿತ್ರೆಯಲ್ಲಿ ಬಹಳ ಸಿಗುವುದಿಲ್ಲ.

ಅಕ್ಟೋಬರ್ 10, ಮಂಗಳವಾರ, ಮಧ್ಯಾಹ್ನ ಒಂದು ಗಂಟೆಗೆ ಮೊದಲ ಕಚೇರಿ. ಎಡವಿದರೆ ತನ್ನ ಹೆಸರೇ ಹಾಳಾಗಲಿ ಎಂಬಂತೆ ಹೆಸ್ ಅಂದು ತಾನೇ ಪಿಯಾನೊ ಮುಂದೆ ಕೂತಳು. ನಲವತ್ತೈವತ್ತು ಸ್ನೇಹಿತರು ಬಂದರೆ ಹೆಚ್ಚು ಎಂದುಕೊಂಡಿದ್ದಳಂತೆ. ಹೊರಗೆ ಸಾವಿರದಷ್ಟು ಜನ ಸಾಲು ನಿಂತಿದ್ದರು. ಸ್ಕಾರ್ಲಾಟಿ, ಬಾಖ್, ಬೆಥೋವನ್ನನ ‘ಅಪಾಸಿಯೊನಾಟಾ’ ಸೊನಾಟಾ, ಶುಬರ್ಟ್, ಶೋಪೆನ್, ಬ್ರಾಮ್ಸ್. ಕೊನೆಗೆ, ಬಾಖ್‌ನ ಚರ್ಚ್ ಸಂಗೀತದ ಒಂದು ಭಾಗವನ್ನು ಅವಳೇ ಪಿಯಾನೊಗೆ ಇಳಿಸಿದ್ದ ‘ಜೀಸು, ಜಾಯ್ ಆಫ್ ಮ್ಯಾನ್ಸ್ ಡಿಸೈರಿಂಗ್’. ಕಾರ್ಯಕ್ರಮ ಪಟ್ಟಿಯ ಬಹುಭಾಗ ಶತ್ರುದೇಶದ ಭಾಷೆಯನ್ನಾಡಿದವರದ್ದೇ.

ಇಲ್ಲಿ ಒಂದು ಮಾತು. ಕನ್ನಡದಲ್ಲಿ ಕಚೇರಿ ಎಂದರೆ ಆಫೀಸೂ ಹೌದು, ಸಂಗೀತ ಕಾರ್ಯಕ್ರಮವೂ ಹೌದು. ಇಂಗ್ಲಿಷರಿಗೆ ಈ ಶ್ಲೇಷೆ ಇಲ್ಲ, ಆದರೆ 1939ರ ಲಂಡನ್ನಿಗೆ ಅದಕ್ಕಿಂತ ಒಪ್ಪುವ ಪದ ನನಗೆ ಸಿಗುತ್ತಿಲ್ಲ. ಜನ ಊಟದ ಬಿಡುವಿನಲ್ಲಿ ಒಂದು ಕಚೇರಿಯಿಂದ ಎದ್ದು ಇನ್ನೊಂದು ಕಚೇರಿಗೆ ಬಂದು, ಮತ್ತೆ ಮೊದಲಿನದಕ್ಕೇ ಮರಳುತ್ತಿದ್ದರು. ‘ಚೇಂಬರ್ ಮ್ಯೂಸಿಕ್’ನ ಚೇಂಬರ್ ಎಂದರೂ ಕೋಣೆಯೇ, ಆದರೆ ಬಹುಕಾಲ ಅದು ಸಿರಿವಂತರ ಮನೆಯ ಕೋಣೆ. ಹೈಡನ್ ಎಸ್ಟರ್‌ಹಾಜಿ ರಾಜಮನೆತನದ ಸಂಬಳಕ್ಕಿದ್ದವನು. ಬೆಥೋವನ್ನನ ಮೂರು ಪ್ರಸಿದ್ಧ ಕ್ವಾರ್ಟೆಟ್‌ಗಳಿಗೆ ವಿಯೆನ್ನಾದಲ್ಲಿದ್ದ ರಷ್ಯನ್ ರಾಯಭಾರಿ ರಜುಮೋವ್‌ಸ್ಕಿಯ ಹೆಸರೇ ಅಂಟಿಕೊಂಡಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಸಂಗೀತ ಸಭಾಂಗಣಕ್ಕೇನೋ ಬಂತು, ಆದರೆ ಸಂಜೆಯ ಉಡುಪು ಮತ್ತು ದುಬಾರಿ ಟಿಕೆಟ್ ಹಿಂದೆಯೇ ಬಂದವು. ಗ್ಯಾಲರಿಯಲ್ಲಿ ಟಿಕೆಟ್ ಒಂದು ಷಿಲಿಂಗ್, ಅಂದರೆ ಒಂದು ಪೌಂಡಿನ ಇಪ್ಪತ್ತನೆಯ ಒಂದು ಪಾಲು. ಉಡುಪು, ಆಫೀಸಿಗೆ ಹಾಕಿಕೊಂಡು ಹೋಗಿದ್ದೇ.

ನಾನು ಮೇಲೆ ಹೇಳಿದ ಲೆಕ್ಕಾಚಾರ ಇದು. ನುಡಿಸುವವರಿಗೆ ಐದು ಗಿನಿ ಸಂಭಾವನೆ. ಜಗತ್ಪ್ರಸಿದ್ಧರಿಗೂ ಅಷ್ಟೆ, ನಿನ್ನೆ ಮೊನ್ನೆ ಕಾಲೇಜು ಮುಗಿಸಿದವರಿಗೂ ಅಷ್ಟೆ. ಗಿನಿಗೆ 21 ಷಿಲಿಂಗ್. ಅಂದರೆ 105 ಜನ ಬಂದರೆ ಒಬ್ಬರ ಸಂಭಾವನೆ ಹೊರಟಿತು. ಹೆಸ್ ತನಗಾಗಿ ಏನನ್ನೂ ತೆಗೆದುಕೊಳ್ಳಲಿಲ್ಲ. ಉಳಿದ ಹಣ ಸಂಗೀತಗಾರರ ನೆರವಿನ ನಿಧಿಗೆ. ಸೋಮವಾರದಿಂದ ಶುಕ್ರವಾರ, ಮಧ್ಯಾಹ್ನ ಒಂದು ಗಂಟೆ. ಯಾರು ನುಡಿಸುತ್ತಾರೆಂದು ನೋಡದೆಯೂ ಜನ ಬರಬಹುದಿತ್ತು, ಬಂದರು. ಕಾರ್ಯಕ್ರಮ ಹೊಂದಿಸುವ ತಲೆನೋವು ಬಹುಪಾಲು ಸಂಯೋಜಕ ಹೊವರ್ಡ್ ಫರ್ಗ್ಯುಸನ್‌ನ ಹೆಗಲಿಗೆ. ಪಕ್ಕದ ಕ್ಯಾಂಟೀನನ್ನು ಸ್ವಯಂಸೇವಕಿಯರು ನಡೆಸುತ್ತಿದ್ದರು. ಪಡಿತರದ ಆ ದಿನಗಳಲ್ಲಿ ಅವರು ಕೊಡುತ್ತಿದ್ದ ಜೇನುತುಪ್ಪ–ಒಣದ್ರಾಕ್ಷಿಯ ಸ್ಯಾಂಡ್‌ವಿಚ್ ಹಲವರ ನೆನಪಿನಲ್ಲಿ ಕ್ವಾರ್ಟೆಟ್‌ಗಳಷ್ಟೇ ಗಟ್ಟಿಯಾಗಿ ಉಳಿದಿದೆ. ನನಗಿದು ತಮಾಷೆಯ ವಿಷಯ ಅನ್ನಿಸುವುದಿಲ್ಲ. ಹಸಿದು ಬಂದವರನ್ನು ಹಸಿದೇ ಕೂರಿಸುವ ಸಂಗೀತಸಭೆ ಆರು ವರ್ಷ ನಡೆಯುತ್ತಿರಲಿಲ್ಲ.

1940ರ ಸೆಪ್ಟೆಂಬರಿನಲ್ಲಿ ಲಂಡನ್ ಮೇಲೆ ದಿನವೂ ಬಾಂಬ್ ಬೀಳತೊಡಗಿದಾಗ ಕಚೇರಿ ನೆಲಮಾಳಿಗೆಗೆ ಇಳಿಯಿತು. ಇಕ್ಕಟ್ಟು, ಥಂಡಿ. ಅಕ್ಟೋಬರಿನಲ್ಲಿ ಗ್ಯಾಲರಿಯ ಮೇಲೇ ಬಾಂಬುಗಳು ಬಿದ್ದವು. ಸಿಡಿಯದೆ ಉಳಿದಿದ್ದ ಒಂದು ಬಾಂಬ್ ಪತ್ತೆಯಾದಾಗ ಕಟ್ಟಡದ ದೂರದ ಕೋಣೆಗೆ ಕಾರ್ಯಕ್ರಮ ವರ್ಗಾಯಿಸಿದರು. ಬೆಥೋವನ್ನನ ಕ್ವಾರ್ಟೆಟ್ ನಡೆಯುತ್ತಿದ್ದಾಗಲೇ ಅದು ಸಿಡಿಯಿತು. ಯಾರಿಗೂ ಪೆಟ್ಟಾಗಲಿಲ್ಲ, ನುಡಿಸುವುದೂ ನಿಲ್ಲಲಿಲ್ಲ. ಈ ಪ್ರಸಂಗವನ್ನು ಎಲ್ಲ ಪುಸ್ತಕಗಳೂ ಹೇಳುತ್ತವೆ, ನಾನೂ ಹೇಳಿದೆ. ಆದರೆ ಮಾರನೆಯ ದಿನ ಒಂದು ಗಂಟೆಗೆ ಮತ್ತೆ ಕುರ್ಚಿ ಹಾಕಿದವರಿದ್ದರಲ್ಲ, ನನಗೆ ಅವರ ಬಗ್ಗೆ ಕುತೂಹಲ.

ವೇದಿಕೆಗೆ ಬಂದವರನ್ನು ನೋಡಿ. ಗ್ರಿಲ್ಲರ್ ಕ್ವಾರ್ಟೆಟ್‌ನ ನಾಲ್ವರೂ ಒಟ್ಟಿಗೇ ವಾಯುಪಡೆಗೆ ಸೇರಿ, ಸಮವಸ್ತ್ರದಲ್ಲೇ ಬಂದು ನುಡಿಸಿದರು. ಹಾರ್ನ್ ವಾದಕ ಡೆನಿಸ್ ಬ್ರೇನ್ ಕೂಡ ವಾಯುಪಡೆಯ ಬ್ಯಾಂಡಿನವನೇ. ಅದೇ ವೇದಿಕೆಗೆ 1942ರ ಅಕ್ಟೋಬರಿನಲ್ಲಿ ಬೆಂಜಮಿನ್ ಬ್ರಿಟನ್ ಮತ್ತು ಪೀಟರ್ ಪಿಯರ್ಸ್ ಬಂದರು. ಆಯುಧ ಹಿಡಿಯುವುದಿಲ್ಲ ಎಂದು ಆತ್ಮಸಾಕ್ಷಿಯ ಕಾರಣಕ್ಕೆ ನಿರಾಕರಿಸಿದ್ದವರು ಇವರು. ಹಾಡಿದ್ದು ಮೈಕೆಲೇಂಜೆಲೊನ ಸಾನೆಟ್‌ಗಳನ್ನು, ಶತ್ರುದೇಶವಾಗಿದ್ದ ಇಟಲಿಯ ಭಾಷೆಯಲ್ಲಿ. ಅದೇ ಡಿಸೆಂಬರ್ 28ರಂದು, ಹಿಂದೊಮ್ಮೆ ಟೆಲಿಫೋನ್ ಆಪರೇಟರ್ ಆಗಿದ್ದ ಕ್ಯಾಥ್ಲೀನ್ ಫೆರಿಯರ್ ಎಂಬ ಗಾಯಕಿ ಇಲ್ಲಿ ಹಾಡಿದಳು. ಲಂಡನ್ನಿಗೆ ಬಂದು ಆಗಷ್ಟೇ ಮನೆ ಹೂಡಿದ್ದಳು. ಸೈನಿಕನಿಗೂ, ಯುದ್ಧ ಬೇಡವೆಂದವನಿಗೂ, ಹೊಸಬಳಿಗೂ ಅದೇ ಅಳತೆಯ ವೇದಿಕೆ.

ಜರ್ಮನ್ ಸಂಗೀತದ ಪ್ರಶ್ನೆಗೆ ಬರುತ್ತೇನೆ. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿನ ಹಲವರು ಜರ್ಮನ್ ಹೆಸರನ್ನೇ ಸಹಿಸಿರಲಿಲ್ಲ. ಈ ಸಲ ಯೆಹೂದಿ ಪಿಯಾನೊ ವಾದಕಿಯೊಬ್ಬಳು ಬಾಖ್, ಬೆಥೋವನ್, ಬ್ರಾಮ್ಸ್‌ರನ್ನು ಹಿಟ್ಲರನಿಗೆ ಬಿಟ್ಟುಕೊಡಲು ತಯಾರಿರಲಿಲ್ಲ. ಲೈಪ್‌ಜಿಗ್‌ನಲ್ಲಿ ಬೆಳೆದು ಲಂಡನ್ನಿಗೆ ಬಂದು ನೆಲೆಸಿದ್ದ ಎಲೆನಾ ಗೆರ್ಹಾರ್ಟ್ ಜರ್ಮನ್ ಗೀತೆಗಳನ್ನು ಜರ್ಮನ್ನಿನಲ್ಲೇ ಹಾಡಿದಳು, ಜನ ಕೇಳಿದರು. ಬ್ರಿಟನ್ನಿನ ಉದಾರತೆಗೆ ಸಾಕ್ಷಿಯಾಗಿ ಇದನ್ನು ಮತ್ತೆ ಮತ್ತೆ ಉದಾಹರಿಸುತ್ತಾರೆ.

ಆದರೆ ಅದೇ 1940ರಲ್ಲಿ, ಹಿಟ್ಲರನಿಂದ ತಪ್ಪಿಸಿಕೊಂಡು ಬಂದಿದ್ದ ಜರ್ಮನ್, ಆಸ್ಟ್ರಿಯನ್ ನಿರಾಶ್ರಿತರನ್ನು ಬ್ರಿಟಿಷ್ ಸರ್ಕಾರ ‘ಶತ್ರುದೇಶದವರು’ ಎಂದು ಸಾವಿರಾರು ಸಂಖ್ಯೆಯಲ್ಲಿ ಹಿಡಿದು ಶಿಬಿರಗಳಲ್ಲಿ ಕೂಡಿಹಾಕಿತು. ಅವರಲ್ಲಿ ಬಹಳಷ್ಟು ಜನ ಯೆಹೂದಿಗಳು, ಸಂಗೀತಗಾರರೂ ಹಲವರು. ವಿಯೆನ್ನಾದಿಂದ ಬಂದಿದ್ದ ನಾರ್ಬರ್ಟ್ ಬ್ರೈನಿನ್, ಸೀಗ್ಮುಂಡ್ ನಿಸ್ಸೆಲ್, ಪೀಟರ್ ಶಿಡ್ಲೋಫ್ ಎಂಬ ಮೂವರು ಹುಡುಗರ ಸ್ನೇಹ ಬೆಳೆದದ್ದೇ ಇಂಥ ಬಂಧನ ಶಿಬಿರಗಳಲ್ಲಿ. ಬಂಧಿತ ಸಂಗೀತಗಾರರ ಬಿಡುಗಡೆಗಾಗಿ ಶಿಫಾರಸು ಮಾಡುವ ಸಮಿತಿಯೊಂದಕ್ಕೆ ಸಂಯೋಜಕ ವಾನ್ ವಿಲಿಯಮ್ಸ್ ಅಧ್ಯಕ್ಷನಾಗಬೇಕಾಯಿತು. ಬೆಥೋವನ್ನನ ಕ್ವಾರ್ಟೆಟ್ ಟ್ರಫಾಲ್ಗರ್ ಚೌಕದಲ್ಲಿ ಬಾಂಬಿಗೂ ಜಗ್ಗದೆ ಮೊಳಗುತ್ತಿದ್ದಾಗ, ಅದನ್ನು ನುಡಿಸಬಲ್ಲವರು ಮುಳ್ಳುತಂತಿಯ ಹಿಂದೆ ಇದ್ದರು. ಇದಕ್ಕೆ ಹೆಸ್ ಹೊಣೆಯಲ್ಲ. ಆದರೆ ಈ ಎರಡು ಸಂಗತಿಗಳನ್ನು ಒಂದೇ ಪುಟದಲ್ಲಿ ಬರೆಯದ ಚರಿತ್ರೆ ನನಗೆ ಅರ್ಧ ಅನ್ನಿಸುತ್ತದೆ. ಸತ್ತ ಜರ್ಮನರನ್ನು ಪ್ರೀತಿಸುವುದು ಸುಲಭವಿತ್ತು. ಮುಂದೆ ಆ ಮೂವರು ಇಂಗ್ಲಿಷ್ ಚೆಲ್ಲೊ ವಾದಕ ಮಾರ್ಟಿನ್ ಲವೆಟ್ ಜೊತೆ ಸೇರಿ ಕಟ್ಟಿದ್ದೇ ಅಮೆಡಿಯಸ್ ಕ್ವಾರ್ಟೆಟ್.

ಸಂಗೀತ ಕೇಳಲು ಬಂದವರಿಗೆ ಖಾಲಿ ಗೋಡೆಗಳು ಬೇಸರ ತರಿಸಿರಬೇಕು. ಒಂದಾದರೂ ಚಿತ್ರ ತೋರಿಸಿ ಎಂಬ ಬೇಡಿಕೆ ಪತ್ರಿಕೆಗೆ ಬರೆದ ಕಾಗದದ ರೂಪದಲ್ಲಿ ಬಂತು. 1942ರಿಂದ ಗಣಿಯೊಳಗಿನ ಚಿತ್ರಗಳಲ್ಲಿ ತಿಂಗಳಿಗೊಂದನ್ನು ಲಂಡನ್ನಿಗೆ ತಂದು ತೂಗುಹಾಕತೊಡಗಿದರು. ಟಿಷಿಯನ್ನನ ‘ನೋಲಿ ಮೆ ತಾಂಜೆರೆ’ ಅವುಗಳಲ್ಲಿ ಮೊದಲಿನದು. ಒಂದು ಚಿತ್ರ, ಒಂದು ಕಚೇರಿ, ಒಂದು ಸ್ಯಾಂಡ್‌ವಿಚ್.

1944ರಲ್ಲಿ ಹಾರುಬಾಂಬುಗಳ ಕಾಟ ಶುರುವಾದಾಗ ಮತ್ತೆ ನೆಲಮಾಳಿಗೆ. ಯುದ್ಧ ಮುಗಿದ ಮೇಲೂ ಕಚೇರಿಗಳು ಒಂದಷ್ಟು ಕಾಲ ನಡೆದವು. ಕೊನೆಯದು 1946ರ ಏಪ್ರಿಲ್ 10ರಂದು. ಅಷ್ಟು ಹೊತ್ತಿಗೆ 1,698 ಕಾರ್ಯಕ್ರಮಗಳು, 8,24,152 ಕೇಳುಗರು. ಭಾಗಿಸಿ ನೋಡಿದರೆ ದಿನಕ್ಕೆ ಸರಾಸರಿ 485 ಜನ. ಹೆಸ್ ತಾನೇ ನುಡಿಸಿದ್ದು ಸುಮಾರು 150 ಸಲ.

ಹೆಸ್‌ಗೆ ನಿಲ್ಲಿಸುವ ಮನಸ್ಸಿರಲಿಲ್ಲ. ಆದರೆ ಗಣಿಯಿಂದ ಚಿತ್ರಗಳು ಮರಳಿ ಬಂದಿದ್ದವು. ಬಾಂಬಿಗೆ ಸಿಕ್ಕಿದ ಕಟ್ಟಡದಲ್ಲಿ ಅವಕ್ಕೇ ಜಾಗ ಸಾಲದು, ಗ್ಯಾಲರಿಯ ಟ್ರಸ್ಟಿಗಳು ಕೋಣೆ ಬಿಟ್ಟುಕೊಡಿ ಎಂದರು. ಅವರ ಮಾತೂ ನ್ಯಾಯವಾದದ್ದೇ, ಅದು ಚಿತ್ರಶಾಲೆ. ಸಂಗೀತ ಅಲ್ಲಿಗೆ ಬಂದದ್ದೇ ಬೇರೆಯವರ ಮನೆ ಖಾಲಿಯಾಗಿದ್ದಾಗ. ಮನೆಯವರು ವಾಪಸು ಬಂದರು.

ಹೆಸ್ 1965ರಲ್ಲಿ ತೀರಿಕೊಂಡಳು. ಅವಳ ಹೆಸರಿನಲ್ಲಿ ಷಿಕಾಗೊ ನಗರದಲ್ಲಿ 1977ರಲ್ಲಿ ಒಂದು ಕಚೇರಿ ಸರಣಿ ಶುರುವಾಯಿತು. ಅದರ ದಿನ ಬುಧವಾರ, ಹೊತ್ತು ಮಧ್ಯಾಹ್ನ ಹನ್ನೆರಡೂಕಾಲು, ನುಡಿಸುವವರು ಹೆಚ್ಚಾಗಿ ಆಗಷ್ಟೇ ಕಣ್ಣು ಬಿಡುತ್ತಿರುವ ಕಲಾವಿದರು. ಅಲ್ಲಿ ಷಿಲಿಂಗೂ ಇಲ್ಲ, ಪ್ರವೇಶ ಉಚಿತ.