ಎರಡು ಕಾರುಗಳ ಒಂದು ವೈರಿಂಗ್

1958ರ ಮಾದರಿಯ ಕೆಲವು ಕಾರುಗಳಿಗೆ ಅಮೆರಿಕದ ಕ್ರೈಸ್ಲರ್ ಕಂಪನಿ ‘ಎಲೆಕ್ಟ್ರೋಜೆಕ್ಟರ್’ ಎಂಬ ಹೊಸ ಸಾಧನ ಕೂರಿಸಿತು. ಬೆಂಡಿಕ್ಸ್ ಕಂಪನಿ ರೂಪಿಸಿದ ಈ ಸಾಧನವು ಎಂಜಿನ್ನಿಗೆ ಎಷ್ಟು ಪೆಟ್ರೋಲ್ ಬೇಕೆಂಬುದನ್ನು ವಿದ್ಯುತ್ ಸಂಕೇತಗಳ ಮೂಲಕ ಅಂದಾಜಿಸಿ ಅಷ್ಟನ್ನೇ ಸಿಂಪಡಿಸಬೇಕಿತ್ತು. ಹಾಗೆ ತಯಾರಾದ ಕಾರುಗಳು ಕೆಲವೇ ಡಜನ್. ಎಂಜಿನ್ನಿನ ಬಿಸಿಯನ್ನಾಗಲಿ ತೇವವನ್ನಾಗಲಿ ಅಲುಗಾಟವನ್ನಾಗಲಿ ಆ ಕಾಲದ ಎಲೆಕ್ಟ್ರಾನಿಕ್ ಬಿಡಿಭಾಗಗಳು ತಾಳಿಕೊಳ್ಳಲಿಲ್ಲ. ಕೊನೆಗೆ ಬಹುಪಾಲು ಕಾರುಗಳಿಂದ ಅದನ್ನು ಕಿತ್ತು, ಹಳೆಯ ಕಾರ್ಬೊರೇಟರನ್ನೇ ಕೂರಿಸಿಕೊಡಬೇಕಾಯಿತು. ಹೊಸದನ್ನು ತೆಗೆದು ಹಳೆಯದನ್ನು ಹಾಕುವ ಮಾರ್ಪಾಡು ಅದು. ಬೆಂಡಿಕ್ಸಿನ ಪೇಟೆಂಟುಗಳ ಹಕ್ಕು ಜರ್ಮನಿಯ ಬಾಷ್ ಕಂಪನಿಗೆ ದೊರೆಯಿತು. 1967ರಲ್ಲಿ ಫೋಕ್ಸ್‌ವ್ಯಾಗನ್ 1600 ಕಾರಿನೊಂದಿಗೆ ಬಂದ ‘ಡಿ-ಜೆಟ್ರಾನಿಕ್’ ಆ ಕನಸಿನ ಎರಡನೆಯ ಜನ್ಮ. ಈ ಸಲ ಅದು ಬದುಕಿಕೊಂಡಿತು. ಅಷ್ಟು ಹೊತ್ತಿಗೆ ಟ್ರಾನ್ಸಿಸ್ಟರುಗಳು ಗಟ್ಟಿಯಾಗಿದ್ದವು. ಜೊತೆಗೆ ಅಮೆರಿಕದಲ್ಲಿ ಹೊಗೆಯ ಕಾಯ್ದೆಗಳು ಬಿಗಿಯಾಗುತ್ತಿದ್ದವು.

ಎರಡನೆಯ ಕಾರಣವನ್ನು ನಾವು ಮರೆಯುವುದೇ ಹೆಚ್ಚು. ಕಾರಿನೊಳಗೆ ಕಂಪ್ಯೂಟರ್ ಬಂದದ್ದು ವೇಗಕ್ಕಾಗಿ ಎಂದುಕೊಳ್ಳುತ್ತೇವೆ. ಅದು ಮುಖ್ಯವಾಗಿ ಬಂದದ್ದು ಹೊಗೆಗಾಗಿ. ಹೊಗೆ ಕೊಳವೆಯಲ್ಲಿ ಕೂರುವ ಕ್ಯಾಟಲಿಟಿಕ್ ಕನ್ವರ್ಟರ್ ಮೂರೂ ಬಗೆಯ ವಿಷಗಳನ್ನು ಒಟ್ಟಿಗೆ ಅಡಗಿಸಬೇಕಾದರೆ, ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೆರೆತಿರಬೇಕು. ಗಾಳಿಯ ಸೆಳೆತವನ್ನೇ ನೆಚ್ಚಿದ ಕಾರ್ಬೊರೇಟರಿಗೆ ಈ ಲೆಕ್ಕ ಸದಾ ಹಿಡಿದಿಡುವುದು ಆಗದ ಮಾತು. ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವ ಸೆನ್ಸರ್ 1976ರಲ್ಲಿ ವೋಲ್ವೊ ಕಾರುಗಳಲ್ಲಿ ಬಂದ ಮೇಲೆ, ‘ಹೆಚ್ಚಾಯ್ತು, ಕಡಿಮೆ ಮಾಡು’ ಎಂದು ಎಂಜಿನ್ನಿಗೆ ಕ್ಷಣಕ್ಷಣವೂ ಹೇಳುವ ವ್ಯವಸ್ಥೆ ಸಾಧ್ಯವಾಯಿತು. ಹಾಗೆ ಹೇಳುವುದಕ್ಕೆ ಒಂದು ಮೆದುಳು ಬೇಕು. ಅದೇ ಇಸಿಯು.

ನಮ್ಮ ದೇಶದಲ್ಲಿ ಈ ಕಥೆ ತಡವಾಗಿ ನಡೆಯಿತು. ನಡೆದಾಗ ಗಡಿಬಿಡಿಯಲ್ಲಿ ನಡೆಯಿತು. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ಮೊದಲ ಮಾರುತಿ 800ರ ಕೀಲಿಕೈಯನ್ನು ಹರ್ಪಾಲ್ ಸಿಂಗ್ ಎಂಬವರ ಕೈಗಿತ್ತಾಗ, ಆ 796 ಸಿಸಿಯ ಮೂರು ಸಿಲಿಂಡರಿನ ಎಂಜಿನ್ನಿಗೆ ಇದ್ದದ್ದು ಕಾರ್ಬೊರೇಟರ್ ಮತ್ತು ಡಿಸ್ಟ್ರಿಬ್ಯೂಟರ್. ಕಿಡಿ ಹೊಡೆಯುವ ತತ್ವ 1910ರ ಆಸುಪಾಸಿನಲ್ಲಿ ಚಾರ್ಲ್ಸ್ ಕೆಟರಿಂಗ್ ಕ್ಯಾಡಿಲ್ಯಾಕ್ ಕಾರುಗಳಿಗೆ ಮಾಡಿಕೊಟ್ಟದ್ದೇ: ಪಾಯಿಂಟ್ ತೆರೆದಾಗ ಕಾಯಿಲಿನಲ್ಲಿ ಹರಿಯುತ್ತಿದ್ದ ಕರೆಂಟು ಥಟ್ಟನೆ ನಿಲ್ಲುತ್ತದೆ, ಆ ನಿಲುಗಡೆಯ ಹೊಡೆತಕ್ಕೆ ಸಾವಿರಾರು ವೋಲ್ಟಿನ ಕಿಡಿ ಪ್ಲಗ್ಗಿನಲ್ಲಿ ಹಾರುತ್ತದೆ. ಪಾಯಿಂಟ್ ಸುಟ್ಟರೆ ಉಜ್ಜು ಕಾಗದದಿಂದ ತಿಕ್ಕಿ, ಗ್ಯಾಪ್ ನೋಡಿ ಕೂರಿಸಿದರಾಯಿತು. ಬೆಂಗಳೂರಿನ ಆಡುಗೋಡಿಯಲ್ಲಿ ಮೈಕೊ ಪ್ಲಗ್ ತಯಾರಾಗುತ್ತಿತ್ತು. ಅದೇ ಬಾಷ್ ಕಂಪನಿಯ ಭಾರತದ ಕೂಸು. ಜರ್ಮನಿಯಲ್ಲಿ ಕಾರಿಗೆ ಮೆದುಳು ಕೊಡುತ್ತಿದ್ದ ಕಂಪನಿ ನಮಗೆ ಪ್ಲಗ್ಗನ್ನೂ ಡೀಸೆಲ್ ಪಂಪನ್ನೂ ಮಾಡಿಕೊಡುತ್ತಿತ್ತು. ನಮ್ಮ ರಸ್ತೆಗೆ ಆಗ ಬೇಕಾದದ್ದೂ ಅವೇ. ಬಿಟಿಎಂ ಲೇಔಟಿನ ಪಕ್ಕದ ಮೈಕೊ ಲೇಔಟಿನಲ್ಲಿ ಇಂದು ಬಾಡಿಗೆ ಮನೆ ಹುಡುಕುವವರಲ್ಲಿ ಎಷ್ಟು ಜನಕ್ಕೆ ಅದು ಒಂದು ಕಾರ್ಖಾನೆಯ ಹೆಸರೆಂದು ಗೊತ್ತೋ!

1995ರ ಏಪ್ರಿಲಿನಿಂದ ನಾಲ್ಕು ಮಹಾನಗರಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಕಡ್ಡಾಯವಾಯಿತು. ಸೀಸ ಬೆರೆತ ಪೆಟ್ರೋಲ್ ಅದನ್ನು ಹಾಳುಮಾಡುತ್ತದಾದ್ದರಿಂದ ಸೀಸರಹಿತ ಪೆಟ್ರೋಲೂ ಅಲ್ಲಿಗೆ ಬಂತು. 1999ರ ಏಪ್ರಿಲ್ 29ರಂದು ಸುಪ್ರೀಂ ಕೋರ್ಟು, ಎಂ.ಸಿ. ಮೆಹ್ತಾ ಪ್ರಕರಣದಲ್ಲಿ, ದೆಹಲಿ ರಾಜಧಾನಿ ವಲಯದಲ್ಲಿ 2000ದ ಏಪ್ರಿಲ್ 1ರಿಂದ ಯೂರೋ 2 ಮಟ್ಟ ಮುಟ್ಟದ ಖಾಸಗಿ ವಾಹನಗಳ ನೋಂದಣಿ ಇಲ್ಲ ಎಂದಿತು. ಅಂದರೆ ಒಂದು ವರ್ಷವೂ ಇಲ್ಲದ ಗಡುವು. ಕಾರ್ಬೊರೇಟರಿನ ಕಾಲ ಮುಗಿದದ್ದು ಯಾವುದೋ ಎಂಜಿನಿಯರನ ಸ್ಫೂರ್ತಿಯಿಂದಲ್ಲ, ಹೀಗೆ. ಅದೇ 2000ದ ಫೆಬ್ರವರಿ 1ರಿಂದ ದೇಶದಾದ್ಯಂತ ಸೀಸದ ಪೆಟ್ರೋಲ್ ನಿಂತಿತು. ಅದೇ ವರ್ಷ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿಗೆ ತಿದ್ದುಪಡಿಯಾಯಿತು. ತಯಾರಕರು ಹೇಳಿದ್ದಕ್ಕಿಂತ ಆರ್‌ಸಿಯ ವಿವರಗಳು ಬೇರೆಯಾಗುವಂತೆ ಮಾಲೀಕ ವಾಹನವನ್ನು ಬದಲಿಸಕೂಡದು. ಆದರೆ ಸಿಎನ್‌ಜಿ, ಎಲ್‌ಪಿಜಿಯಂಥ ಇಂಧನಗಳಿಗೆ ಬದಲಾಯಿಸಿಕೊಳ್ಳುವುದಕ್ಕೆ ನಿಯಮದ ಪ್ರಕಾರ ಅವಕಾಶ. ಒಂದೇ ವರ್ಷದ ಈ ಮೂರು ಸಂಗತಿಗಳು ಸಣ್ಣ ಕಾರಿನ ಮೈಮೇಲೆ ಬರೆದದ್ದನ್ನು ನಾನು ಕಾಗದದಲ್ಲಿ ಓದುವ ಮೊದಲು ತಂತಿಯಲ್ಲಿ ಓದಿದೆ.

ಶಿವಮೊಗ್ಗದಲ್ಲಿರುವ ನನ್ನ ಸೋದರಮಾವನ ಮಾರುತಿ 800 1996ರದು, ಕಾರ್ಬೊರೇಟರಿನದು. ಎಂಜಿನ್ ಸವೆದಾಗ, ಗುಜರಿ ಸೇರಿದ್ದ ಮುಂದಿನ ತಲೆಮಾರಿನ ಕಾರೊಂದರ 12 ವಾಲ್ವಿನ ಎಂಪಿಎಫ್‌ಐ ಎಂಜಿನ್ನನ್ನು ಅದಕ್ಕೆ ಕಸಿ ಮಾಡಿಸಿದ್ದರು. ಆರ್‌ಟಿಓ ಒಪ್ಪಿಗೆಯಾಗಿ ಆರ್‌ಸಿಯಲ್ಲಿ ಹೊಸ ಎಂಜಿನ್ ನಂಬರೂ ಬಿದ್ದಿದೆ. ಎಂಜಿನ್ ಚೆನ್ನಾಗಿಯೇ ಕೂತಿತು. ಕೂರದಿದ್ದದ್ದು ವೈರಿಂಗ್. ಮಳೆಗಾಲದಲ್ಲಿ ಕಾರು ನಡುದಾರಿಯಲ್ಲಿ ನಿಲ್ಲುತ್ತಿತ್ತು, ಬಿಸಿಲು ಬಂದರೆ ತಾನೇ ಸರಿಹೋಗುತ್ತಿತ್ತು. ಸ್ಕ್ಯಾನರ್ ಹಾಕಿದರೆ ಒಂದು ದಿನ ಒಂದು ಸೆನ್ಸರಿನ ದೂರು, ಇನ್ನೊಂದು ದಿನ ಇನ್ನೊಂದರದು. ಮೂರು ಸೆನ್ಸರುಗಳನ್ನು ಬದಲಾಯಿಸಿದ ಮೇಲೆ ಮಾವ ಬೇಸತ್ತು, ಇಸಿಯುವನ್ನೇ ತೆಗೆದು ಹೊರಗಿನ, ನಾವೇ ಪ್ರೋಗ್ರಾಂ ಮಾಡಿಕೊಳ್ಳಬಹುದಾದ ಒಂದನ್ನು ಹಾಕಿಸುವ ಯೋಚನೆಗೆ ಬಂದರು. ಅದೂ ಆಗದಿದ್ದರೆ ಕಾರನ್ನೇ ಗುಜರಿಗೆ. ಹದಿನೈದು ವರ್ಷ ದಾಟಿದ ಕಾರಿಗೆ ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಣವಾಗಬೇಕು. ಆ ದಿನಾಂಕ ಹತ್ತಿರವಿತ್ತು.

ಆಟೋ ಎಲೆಕ್ಟ್ರಿಷಿಯನ್ ಒಬ್ಬರು, ಅರವತ್ತು ದಾಟಿದವರು, ಒಪ್ಪಲಿಲ್ಲ. ‘ಮೆದುಳು ಬದ್ಲಾಯ್ಸೋಕ್ ಮುಂಚೆ ನರ ನೋಡ್ಬೇಕು ಸಾರ್’ ಎಂದರು. ಡ್ಯಾಶ್‌ಬೋರ್ಡ್ ಬಿಚ್ಚಿದಾಗ ಟೇಪು ಸುತ್ತಿದ ಕೈತೋಳಿನಷ್ಟು ದಪ್ಪದ ಕಟ್ಟು ಹೊರಬಂತು. ರಜೆಯಲ್ಲಿ ಊರಿಗೆ ಹೋಗಿದ್ದ ನಾನು ನೋಟ್‌ಬುಕ್ ಹಿಡಿದು ಅವರ ಪಕ್ಕ ಕೂತೆ.

ಹಸ್ತಪ್ರತಿ ಸಂಪಾದನೆ ಮಾಡಿದವರಿಗೆ ಈ ಕೆಲಸ ಗುರುತು ಸಿಗುತ್ತದೆ. ಮೂಲ ಪಾಠ ಯಾವುದು, ಪ್ರಕ್ಷಿಪ್ತ ಯಾವುದು, ಲಿಪಿಕಾರ ಕೈತಪ್ಪಿ ಬರೆದದ್ದು ಯಾವುದು ಎಂದು ಬಿಡಿಸಬೇಕು. ಕಾರ್ಖಾನೆಯ ತಂತಿಗೆ ಬಣ್ಣದ ಮೇಲೆ ಬಣ್ಣದ ಗೆರೆಯಿರುತ್ತದೆ, ಆ ಬಣ್ಣಕ್ಕೆ ಅರ್ಥವಿರುತ್ತದೆ. ಅಂಬಾಸಡರಿನ ಕಾಲದವರಾದ ಅವರಿಗೆ ಲೂಕಾಸ್ ಪದ್ಧತಿ ಬಾಯಿಪಾಠ: ಕಂದು ಎಂದರೆ ಬ್ಯಾಟರಿಯಿಂದ ನೇರ, ಬಿಳಿ ಎಂದರೆ ಕೀ ತಿರುಗಿಸಿದ ಮೇಲೆ, ಹಸಿರು ಎಂದರೆ ಕೀ ಮತ್ತು ಫ್ಯೂಸ್ ಎರಡೂ ದಾಟಿದ್ದು, ಕಪ್ಪು ಎಂದರೆ ಅರ್ಥಿಂಗ್. (ಆ ಕಂಪನಿಯನ್ನು ಇಂಗ್ಲೆಂಡಿನವರು ‘ಕತ್ತಲೆಯ ರಾಜಕುಮಾರ’ ಎಂದು ಗೇಲಿ ಮಾಡುತ್ತಿದ್ದರಂತೆ ಎಂದಾಗ ಅವರು ನಗಲಿಲ್ಲ; ‘ಅದ್ರಲ್ಲಿ ತಂತಿ ಸುಳ್ಳು ಹೇಳ್ತಿರ್ಲಿಲ್ಲ’ ಎಂದರು.) ಜಪಾನಿ ಕಾರಿನ ಬಣ್ಣಗಳು ಬೇರೆ. ನಮ್ಮ ಕಾರಿನಲ್ಲಂತೂ ಎರಡು ಕಾರುಗಳ ಕಟ್ಟುಗಳನ್ನು ಅರ್ಧಕ್ಕೆ ಕತ್ತರಿಸಿ ಸೇರಿಸಿದ್ದರಿಂದ, ಒಂದು ಬಣ್ಣದಲ್ಲಿ ಹೊರಟದ್ದು ಇನ್ನೊಂದು ಬಣ್ಣದಲ್ಲಿ ಊರು ಸೇರುತ್ತಿತ್ತು.

ಅದರ ಮೇಲೆ ಪದರಗಳು. ಕ್ಯಾಸೆಟ್ ಪ್ಲೇಯರಿಗೆಂದು ಎಳೆದು, ಆಮೇಲೆ ಸಿಡಿ ಪ್ಲೇಯರಿಗೆ ಹೋದ ತಂತಿ. ರಿವರ್ಸ್ ತೆಗೆದಾಗ ಹಾಡು ಹೇಳುತ್ತಿದ್ದ ಹಾರ್ನಿನ ಮೊಂಡು ತುದಿ. ಸೆಂಟ್ರಲ್ ಲಾಕ್. ಎಲ್‌ಪಿಜಿ ಕಿಟ್ಟಿನ ಸ್ವಿಚ್ಚಿನಿಂದ ಹೊರಟು ಎಲ್ಲಿಗೂ ಹೋಗದೆ ನಿಂತ ಎರಡು ಎಳೆ. ಅದನ್ನು ಕಂಡಾಗಲೇ ನನಗೆ 52ನೇ ಸೆಕ್ಷನ್ನಿನ ತಿದ್ದುಪಡಿ ಹುಡುಕಿ ಓದುವ ಮನಸ್ಸಾದದ್ದು. ಕೆಲವು ಕಡೆ ಸಿಪ್ಪೆ ಸುಲಿದು ಬರಿಗೈಯಲ್ಲಿ ತಿರುಚಿ ಟೇಪು ಸುತ್ತಿದ್ದರು. ಅಂಟು ಕರಗಿ ಟೇಪು ಬಿಚ್ಚಿಕೊಂಡಿತ್ತು, ತಾಮ್ರ ಹಸಿರು ಕಟ್ಟಿತ್ತು. ಒಂದೆರಡು ಕಡೆ ಇಲಿಯ ಹಲ್ಲಿನ ಗುರುತು.

ಹಳೆಯ ವೈರಿಂಗಿನ ನಿಜವಾದ ತೊಂದರೆಯನ್ನು ಲೆಕ್ಕದಲ್ಲೇ ಹೇಳಬಹುದು. 60 ವ್ಯಾಟಿನ ಎರಡು ಹೆಡ್‌ಲೈಟ್ ಬಲ್ಬು ಉರಿಯಲು 12 ವೋಲ್ಟಿನಲ್ಲಿ 10 ಆಂಪಿಯರ್ ಬೇಕು. ಹಳೆಯ ಪದ್ಧತಿಯಲ್ಲಿ ಅಷ್ಟೂ ಕರೆಂಟು ಡ್ಯಾಶ್‌ಬೋರ್ಡಿನ ಸ್ವಿಚ್ಚಿನ ಮೂಲಕವೇ ಹಾದು ಬರುತ್ತದೆ. ದಾರಿಯಲ್ಲಿ ಕಿಲುಬಿನಿಂದ 0.1 ಓಮಿನಷ್ಟು ಅಡ್ಡಿಯಿದ್ದರೂ 1 ವೋಲ್ಟ್ ಅಲ್ಲೇ ಸೋರಿಹೋಗುತ್ತದೆ, ಬೆಳಕು ಸುಮಾರು ಕಾಲುಪಾಲು ಕುಗ್ಗುತ್ತದೆ. ರಿಲೇ ಹಾಕಿದರೆ ಸ್ವಿಚ್ಚಿಗೆ ಬರೀ ಸನ್ನೆಯ ಕೆಲಸ. ಭಾರ ಹೊರುವುದು ಬ್ಯಾಟರಿಯಿಂದ ನೇರ ಬಂದ ದಪ್ಪ ತಂತಿ. ಕಾರ್ಬೊರೇಟರಿನ ಕಾರು ಈ ಸೋರಿಕೆಯನ್ನು ಹೇಗೋ ಸಹಿಸುತ್ತದೆ. ಇಸಿಯು ಸಹಿಸುವುದಿಲ್ಲ. ಗಾಳಿಯ ಒತ್ತಡ, ನೀರಿನ ಬಿಸಿ, ಥ್ರಾಟಲ್ ಎಷ್ಟು ತೆರೆದಿದೆ ಎಂಬುದೆಲ್ಲ ಅದಕ್ಕೆ ತಿಳಿಯುವುದು 0ಯಿಂದ 5 ವೋಲ್ಟಿನ ಒಳಗಿನ ಏರಿಳಿತವಾಗಿ. ಅರ್ಥಿಂಗ್ ತುಕ್ಕು ಹಿಡಿದು ಅರ್ಧ ವೋಲ್ಟ್ ಆಚೀಚೆಯಾದರೆ, ಅಳತೆಗೋಲಿನ ಸೊನ್ನೆಯೇ ಜರುಗಿದಂತೆ. ಸೆನ್ಸರ್ ಸತ್ಯ ಹೇಳಿದರೂ ಇಸಿಯುಗೆ ಕೇಳಿಸುವುದು ಬೇರೆ. ನಮ್ಮ ಮೂರು ಸೆನ್ಸರುಗಳೂ ನಿರಪರಾಧಿಗಳಾಗಿದ್ದವು.

ಎಲೆಕ್ಟ್ರಿಷಿಯನ್ ಎಂಜಿನ್, ಬಾಡಿ, ಬ್ಯಾಟರಿಯ ನಡುವೆ ಹೊಸ ದಪ್ಪ ಅರ್ಥಿಂಗ್ ಪಟ್ಟಿ ಹಾಕಿದರು. ಇಸಿಯು, ಪೆಟ್ರೋಲ್ ಪಂಪ್, ಫ್ಯಾನ್, ಹೆಡ್‌ಲೈಟ್ ಪ್ರತಿಯೊಂದಕ್ಕೂ ಬೇರೆ ಬೇರೆ ರಿಲೇ, ಬೇರೆ ಬೇರೆ ಫ್ಯೂಸ್. ಸೆನ್ಸರ್ ತಂತಿಗಳನ್ನು ಪ್ಲಗ್ ವೈರಿನಿಂದ ದೂರ ಒಯ್ದರು, ಕಿಡಿಯ ಗದ್ದಲ ಅದರೊಳಗೆ ನುಗ್ಗಬಾರದಲ್ಲ. ಜೋಡಣೆಗಳಿಗೆ ಬೆಸುಗೆಗಿಂತ ಒತ್ತಿ ಕೂರಿಸುವ ಟರ್ಮಿನಲ್ಲೇ ಒಳ್ಳೆಯದೆಂದರು: ಸೀಸ ಹೀರಿದ ತಂತಿ ಕಡ್ಡಿಯಂತಾಗಿ, ಅಲುಗಾಟಕ್ಕೆ ಬೆಸುಗೆಯ ಅಂಚಿನಲ್ಲಿ ಮುರಿಯುತ್ತದೆ.

ಹೊರಗಿನ ಇಸಿಯುವಿನ ಆಸೆ ಮಾವನಿಗಿಂತ ನನಗೇ ಹೆಚ್ಚಿತ್ತು ಎನ್ನಬೇಕು. ಅದರದೇ ಒಂದು ಚಂದದ ಇತಿಹಾಸವಿದೆ. ಈ ಶತಮಾನದ ಆರಂಭದಲ್ಲಿ ಬ್ರೂಸ್ ಬೌಲಿಂಗ್ ಮತ್ತು ಅಲ್ ಗ್ರಿಪ್ಪೊ ಎಂಬ ಅಮೆರಿಕದ ಇಬ್ಬರು ‘ಮೆಗಾಸ್ಕ್ವರ್ಟ್’ ರೂಪಿಸಿದರು. ಬಿಡಿಭಾಗ ತರಿಸಿ ಮನೆಯಲ್ಲೇ ಬೆಸೆದುಕೊಳ್ಳಬಹುದಾದ ಇಸಿಯು ಅದು. ಅದರ ಒಳಗಿರುವುದು ಚೌಕಾಬಾರದ ಹಾಸಿನಂಥ ಒಂದು ಕೋಷ್ಟಕ. ಒಂದು ಕಡೆ ಎಂಜಿನ್ನಿನ ವೇಗ, ಇನ್ನೊಂದು ಕಡೆ ಗಾಳಿಯ ಒತ್ತಡ. 16ಕ್ಕೆ 16 ಇದ್ದರೆ 256 ಮನೆ. ಒಂದೊಂದು ಮನೆಯಲ್ಲೂ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿರಬೇಕೆಂಬುದನ್ನು ತೀರ್ಮಾನಿಸುವ ಅಂಕಿ. 6,000 ಸುತ್ತಿನ ವೇಗದಲ್ಲಿ ಎಂಜಿನ್ನಿನ ಒಂದು ಪೂರ್ತಿ ಆವರ್ತನಕ್ಕೆ ಸಿಗುವುದು 20 ಮಿಲಿಸೆಕೆಂಡು ಮಾತ್ರ, ಅದರೊಳಗೆ ಎಲ್ಲ ಮುಗಿಯಬೇಕು. ಕಂಪನಿಯ ಇಸಿಯುವಿನಲ್ಲೂ ಇಂಥದೇ ಹಾಸು ಇರುತ್ತದೆ, ಆದರೆ ಮುಚ್ಚಿದ ಪೆಟ್ಟಿಗೆಯಲ್ಲಿ. ಕಿವಿಗೊಟ್ಟು ಟೈಮಿಂಗ್ ಹೇಳುತ್ತಿದ್ದ ಮೆಕ್ಯಾನಿಕ್ಕಿನ ವಿದ್ಯೆ ಆ ಪೆಟ್ಟಿಗೆಯ ಎದುರು ಅನಾಥವಾಯಿತು. ತೆರೆದ ಇಸಿಯು ಆ ವಿದ್ಯೆಯ ಒಂದು ಪಾಲನ್ನಾದರೂ ವಾಪಸು ಕೊಡುತ್ತದೆ ಎಂಬುದು ನನ್ನ ವಾದ.

ಮಾವ ಕಾನೂನಿನ ಮಾತು ಎತ್ತಿದರು. 2019ರ ಜನವರಿ 9ರಂದು, ಕೇರಳದಿಂದ ಹೋಗಿದ್ದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಆ 52ನೇ ಸೆಕ್ಷನ್ನನ್ನು ಬಿಗಿಯಾಗಿಯೇ ಓದಿತು. ತಯಾರಕರ ಮೂಲ ವಿವರಣೆಗೆ ವಿರುದ್ಧವಾದ ಮಾರ್ಪಾಡು ಸಲ್ಲದು. ಹೊಗೆಗಾಗಿ ಹುಟ್ಟಿದ ಪೆಟ್ಟಿಗೆಯ 256 ಮನೆಗಳನ್ನು ಯಾರು ಬೇಕಾದರೂ ಮನಸ್ಸಿಗೆ ಬಂದಂತೆ ತಿದ್ದಿದರೆ ಊರಿನ ಗಾಳಿ ಏನಾದೀತು ಎಂಬ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಮತ್ತೊಂದು ಕಡೆ, ಹರ್ಪಾಲ್ ಸಿಂಗ್ ಅವರ ಆ ಮೊದಲ ಕಾರು ಇಂದು ಮೂಲರೂಪಕ್ಕೆ ದುರಸ್ತಿಗೊಂಡು ಮಾರುತಿ ಕಂಪನಿಯ ಮುಖ್ಯ ಕಚೇರಿಯಲ್ಲಿ ನಿಂತಿದೆ. ಅದು ಸರಿಯೇ. ಆದರೆ 1983ರ ಆ ಒಂದು ದಿನದ ಮೂಲಪಾಠ ಅದು. ನಡುವಿನ ವರ್ಷಗಳಲ್ಲಿ ಈ ಕಾರುಗಳ ಮಾಲೀಕರು, ಗ್ಯಾರೇಜುಗಳು, ಕಾಯ್ದೆಗಳು ಏನು ಮಾಡಿದವು ಎಂಬುದು ಬೇಕಾದರೆ ಮಾವನ ಕಾರಿನಂಥವೇ ಬೇಕು. ಅವು ದಿನಾ ಗುಜರಿಯಲ್ಲಿ ಕಬ್ಬಿಣದ ತೂಕಕ್ಕೆ ಹೋಗುತ್ತಿವೆ, ತಂತಿಯನ್ನು ತಾಮ್ರಕ್ಕಾಗಿ ಸುಡುತ್ತಾರೆ.

ಕಂಪನಿಯ ಇಸಿಯುವೇ ಉಳಿಯಿತು. ವೈರಿಂಗ್ ಸರಿಹೋದ ಮೇಲೆ ಅದರ ಮೇಲೆ ಹೊರಿಸಲು ದೂರೇ ಇರಲಿಲ್ಲ. ಹೊಗೆ ತಪಾಸಣೆಯಲ್ಲೂ ಎಫ್‌ಸಿಯಲ್ಲೂ ಕಾರು ಪಾಸಾಯಿತು. ನಾನು ಬರೆದುಕೊಂಡ ನಕ್ಷೆ ಹನ್ನೊಂದು ಪುಟವಾಗಿತ್ತು: ಎಳೆಯ ಬಣ್ಣ, ಎಲ್ಲಿಂದ ಎಲ್ಲಿಗೆ, ಯಾವ ಕಾರಿನದು, ಯಾವಾಗ ಸೇರಿದ್ದಿರಬಹುದು. ಒಂದು ಪ್ರತಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಗ್ಲೌವ್ ಬಾಕ್ಸಿನಲ್ಲಿಟ್ಟೆವು. ಇನ್ನೊಂದನ್ನು ಎಲೆಕ್ಟ್ರಿಷಿಯನ್ ಕೇಳಿ ತೆಗೆದುಕೊಂಡರು. ಇಂಥದೇ ಕಸಿ ಮಾಡಿದ ಎರಡು ಕಾರು ಅವರ ಶೆಡ್ಡಿನಲ್ಲಿ ಕಾದಿವೆಯಂತೆ.