ಬ್ಯಾಲೆಯೂ ಅದರ ಪ್ರೇಕ್ಷಕರೂ

ನೃತ್ಯದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ರಂಗದ ಮೇಲೆ ಕುಣಿದವರ ಕಥೆಯನ್ನು ಹೇಳುತ್ತಾರೆ. ರಂಗದ ಎದುರಿಗೆ ಕುಳಿತು ನೋಡಿದವರ ಕಥೆಯನ್ನು ಹೇಳುವವರು ಕಡಮೆ. ಆದರೆ ನೋಡುವವರಿಲ್ಲದ ಕುಣಿತ ಅಭ್ಯಾಸವಾದೀತೇ ಹೊರತು ಪ್ರದರ್ಶನವಾಗಲಾರದು. ಹೊಸ ಬಗೆಯ ನೃತ್ಯವೊಂದು ಬಂದಾಗ ಜನ ಅದನ್ನು ಹೇಗೆ ಬರಮಾಡಿಕೊಂಡರು, ಬೇಡವೆಂದವರು ಏಕೆ ಬೇಡವೆಂದರು, ಬೇಕೆನ್ನುವವರು ಮುಂದೆ ಎಲ್ಲಿಂದ ಬಂದರು ಎಂಬ ಪ್ರಶ್ನೆಗಳಿಗೆ ಯೂರೋಪಿನ ಬ್ಯಾಲೆಯ ಚರಿತ್ರೆಯಲ್ಲಿ ಒಳ್ಳೆಯ ಉತ್ತರಗಳಿವೆ. ಆ ಚರಿತ್ರೆಯ ಒಂದು ಎಳೆಯನ್ನು, ಪ್ಯಾರಿಸಿನಲ್ಲಿ ಆರಂಭವಾಗಿ ಲಂಡನ್ನಿನಲ್ಲಿ ಮುಂದುವರಿದ ಎಳೆಯನ್ನು, ಓದುಗರ ಮುಂದೆ ಇಡಬಯಸುತ್ತೇನೆ.

ಬ್ಯಾಲೆ ಇಟಲಿ ಮತ್ತು ಫ್ರಾನ್ಸಿನ ಅರಮನೆಗಳಲ್ಲಿ ಹುಟ್ಟಿ, ಹತ್ತೊಂಬತ್ತನೆಯ ಶತಮಾನದಲ್ಲಿ ರಷ್ಯದ ಚಕ್ರವರ್ತಿಗಳ ಆಶ್ರಯದಲ್ಲಿ ಬೆಳೆದ ಕಲೆ. ಅದರಲ್ಲಿ ಪಾದಗಳು ಹೊರಮುಖವಾಗಿ ತಿರುಗಿರಬೇಕು. ನರ್ತಕಿ ಬೆರಳ ತುದಿಯ ಮೇಲೆ ನಿಲ್ಲಬೇಕು. ದೇಹಕ್ಕೆ ಭಾರವೇ ಇಲ್ಲವೆಂಬ ಭ್ರಮೆ ನೋಡುವವರಿಗೆ ಹುಟ್ಟಬೇಕು. ನೆಲವನ್ನು ತಟ್ಟಿ ತಾಳ ನುಡಿಸುವ ನಮ್ಮ ಭರತನಾಟ್ಯಕ್ಕೂ ಯಕ್ಷಗಾನಕ್ಕೂ ಇದು ಬಹುಮಟ್ಟಿಗೆ ವಿರುದ್ಧವಾದ ಆದರ್ಶ. ಈ ವ್ಯತ್ಯಾಸವನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಗಲಭೆಯ ಕಾರಣ ನಮಗೆ ಸುಲಭವಾಗಿ ತಿಳಿಯುತ್ತದೆ.

ಸೆರ್ಗೇ ದಿಯಾಗಿಲೆಫ್ ಎಂಬ ರಷ್ಯನ್ ಕಲಾಸಂಘಟಕ 1909ರಲ್ಲಿ ತನ್ನ ದೇಶದ ನರ್ತಕರನ್ನು ಪ್ಯಾರಿಸಿಗೆ ಕರೆತಂದ. ಅವರ ಬಣ್ಣ, ವೇಗ, ಸಂಗೀತಗಳಿಗೆ ಪ್ಯಾರಿಸ್ ಮರುಳಾಯಿತು. ನಾಲ್ಕು ವರ್ಷಗಳ ತರುವಾಯ, 1913ನೆಯ ಮೇ 29ರಂದು, ಅದೇ ತಂಡ ಹೊಸದಾಗಿ ತೆರೆದಿದ್ದ ಶಾಂಸ್-ಎಲಿಸೆ ರಂಗಮಂದಿರದಲ್ಲಿ ‘ವಸಂತದ ಬಲಿ’ ಎಂದು ನಾವು ಕರೆಯಬಹುದಾದ ಕೃತಿಯನ್ನು ಆಡಿತು. ಸಂಗೀತ ಸ್ಟ್ರಾವಿನ್‌ಸ್ಕಿಯದು, ನೃತ್ಯಸಂಯೋಜನೆ ನಿಜಿನ್‌ಸ್ಕಿಯದು, ದೃಶ್ಯ ಮತ್ತು ಉಡುಪುಗಳು, ಮುಂದೆ ನಮ್ಮ ಕುಲೂ ಕಣಿವೆಯಲ್ಲಿ ಬಂದು ನೆಲೆಸಿದ ರೋರಿಕ್ ಅವರವು. ಪ್ರಾಚೀನ ರಷ್ಯದ ಬುಡಕಟ್ಟೊಂದು ವಸಂತವನ್ನು ಒಲಿಸಿಕೊಳ್ಳಲು ಒಬ್ಬ ಕನ್ಯೆಯನ್ನು ಆರಿಸುತ್ತದೆ. ಆಕೆ ಕುಣಿಕುಣಿದು ಪ್ರಾಣ ಬಿಡುತ್ತಾಳೆ. ಇದು ಅದರ ವಸ್ತು.

ಅಂದಿನ ಕಾರ್ಯಕ್ರಮ ಷೋಪೆನ್ನನ ಸಂಗೀತಕ್ಕೆ ಬೆಳ್ಳಗಿನ ಉಡುಪಿನ ನರ್ತಕಿಯರು ತೇಲಾಡುವ ಒಂದು ಹಳೆಯ ಬಗೆಯ ನೃತ್ಯದಿಂದ ಮೊದಲಾಯಿತು. ಅದರ ಬೆನ್ನಿಗೇ ಈ ಹೊಸ ಕೃತಿ ಬಂತು. ಪಾದಗಳು ಒಳಮುಖವಾಗಿದ್ದವು, ಮಂಡಿಗಳು ಬಾಗಿದ್ದವು. ನರ್ತಕರು ನೆಲವನ್ನು ಗುದ್ದಿದರು, ನಡುಗಿದರು. ಸಭೆಯಲ್ಲಿ ಮೊದಲು ನಗು, ಬಳಿಕ ಸಿಳ್ಳು, ಬಳಿಕ ಪರವಿರೋಧ ಪಕ್ಷಗಳ ಕೂಗಾಟ. ವಾದ್ಯವೃಂದದ ದನಿ ನರ್ತಕರಿಗೆ ಕೇಳಿಸದಾಯಿತು. ನಿಜಿನ್‌ಸ್ಕಿ ರಂಗದ ಪಕ್ಕದಲ್ಲಿ ಕುರ್ಚಿಯ ಮೇಲೆ ನಿಂತು ತಾಳದ ಎಣಿಕೆಯನ್ನು ಕೂಗಿ ಹೇಳುತ್ತಿದ್ದ. ದಿಯಾಗಿಲೆಫ್ ಸಭಾಂಗಣದ ದೀಪಗಳನ್ನು ಹತ್ತಿಸಿ ಆರಿಸಿ ಜನರನ್ನು ಸುಮ್ಮನಾಗಿಸಲು ನೋಡಿದ. ಇಷ್ಟರ ನಡುವೆಯೂ ವಾದ್ಯವೃಂದವನ್ನು ನಡೆಸುತ್ತಿದ್ದ ಪಿಯೇರ್ ಮೊಂಟ್ಯೂ ನಿಲ್ಲಿಸಲಿಲ್ಲ. ನೃತ್ಯ ಕೊನೆಯವರೆಗೂ ನಡೆಯಿತು.

ಈ ಗಲಭೆಯ ಕಥೆಯನ್ನು ಬಹಳ ಜನ ಹೇಳಿದ್ದಾರೆ. ಸಾಮಾನ್ಯವಾಗಿ ಅದರಿಂದ ತೆಗೆಯುವ ನೀತಿ, ‘ಜನಕ್ಕೆ ಹೊಸದು ತಿಳಿಯುವುದಿಲ್ಲ’ ಎಂಬುದು. ಆದರೆ ಕೂಗಿದವರು ಯಾರು? ನೃತ್ಯವನ್ನು ಎಂದೂ ಕಾಣದ ಪಾಮರರಲ್ಲ. ನಾಲ್ಕು ವರ್ಷಗಳಿಂದ ಈ ತಂಡದ ನೃತ್ಯಕ್ಕೆ ಒಗ್ಗಿದ್ದ ಪ್ಯಾರಿಸಿನ ಶ್ರೀಮಂತರು ಮತ್ತು ರಸಿಕರು ಅಲ್ಲಿದ್ದರು. ಬ್ಯಾಲೆ ಎಂದರೆ ಏನೆಂದು ಅವರಿಗೆ ಖಚಿತವಾಗಿ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಅವರಿಗೆ ಸಿಟ್ಟು ಬಂತು. ನೆಲ ಗುದ್ದುವ ನೃತ್ಯವನ್ನು ನಮ್ಮ ಹಳ್ಳಿಯವನೊಬ್ಬ ಅಂದು ನೋಡಿದ್ದರೆ, ಇದರಲ್ಲಿ ಕೂಗುವುದಕ್ಕೇನಿದೆ ಎಂದು ಅವನಿಗೆ ಆಶ್ಚರ್ಯವಾಗುತ್ತಿತ್ತೋ ಏನೋ!

ಅದೇ ವರ್ಷದ ಜುಲೈ ತಿಂಗಳಲ್ಲಿ ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರದಲ್ಲಿ ಈ ಕೃತಿಯನ್ನು ಆಡಿದಾಗ ಎಡ್ವಿನ್ ಈವನ್ಸ್ ಎಂಬ ವಿಮರ್ಶಕ ತೆರೆ ಏಳುವ ಮುನ್ನ ಎದ್ದು ನಿಂತು ಕೃತಿಯ ಪರಿಚಯ ಮಾಡಿಕೊಟ್ಟ. ಅಲ್ಲಿ ಪ್ಯಾರಿಸಿನಂಥ ಗಲಭೆಯಾಗಲಿಲ್ಲ. ಆದರೂ ನಿಜಿನ್‌ಸ್ಕಿಯ ನೃತ್ಯರೂಪ ಎರಡೂ ನಗರಗಳಲ್ಲಿ ಸೇರಿ ಹತ್ತು ಪ್ರದರ್ಶನಗಳನ್ನು ಕೂಡ ಕಾಣದೆ ಮರೆಗೆ ಸರಿಯಿತು. ಸಂಗೀತದ ಭಾಗ್ಯ ಬೇರೆಯಾಗಿತ್ತು. 1914ರ ಏಪ್ರಿಲ್‌ನಲ್ಲಿ ಮೊಂಟ್ಯೂ ಅದನ್ನು ಪ್ಯಾರಿಸಿನಲ್ಲಿ ಕಛೇರಿಯಾಗಿ ನುಡಿಸಿದಾಗ ಜನ ಸ್ಟ್ರಾವಿನ್‌ಸ್ಕಿಯನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು. ಒಂದು ವರ್ಷ ಕೂಡ ತುಂಬಿರಲಿಲ್ಲ.

ಆ ಗಲಭೆಯ ರಾತ್ರಿ ತಂಡದಲ್ಲಿದ್ದವರಲ್ಲಿ ಮೇರಿ ರಾಂಬೇರ್ ಎಂಬ ಪೋಲೆಂಡಿನ ಯುವತಿಯೂ ಒಬ್ಬಳು. ವಾರ್ಸಾದಲ್ಲಿ 1888ರಲ್ಲಿ ಹುಟ್ಟಿದ ಆಕೆ ದಾಲ್‌ಕ್ರೋಜ಼್ ಎಂಬ ಶಿಕ್ಷಕನ ಬಳಿ ತಾಳವನ್ನು ದೇಹಚಲನೆಯ ಮೂಲಕ ಕಲಿಸುವ ಪದ್ಧತಿಯಲ್ಲಿ ಪಳಗಿದ್ದಳು. ಸ್ಟ್ರಾವಿನ್‌ಸ್ಕಿಯ ಕಷ್ಟತಾಳಗಳನ್ನು ನರ್ತಕರಿಗೆ ಬಿಡಿಸಿ ಹೇಳಲೆಂದೇ ದಿಯಾಗಿಲೆಫ್ ಆಕೆಯನ್ನು ಕರೆಸಿಕೊಂಡಿದ್ದ. ಈಕೆ ಮುಂದೆ ಇಂಗ್ಲೆಂಡಿನಲ್ಲಿ ನೆಲೆಸಿ, 1920ರಲ್ಲಿ ಲಂಡನ್ನಿನಲ್ಲಿ ಒಂದು ನೃತ್ಯಶಾಲೆಯನ್ನು ತೆರೆದಳು. ಹೊಸ ನೃತ್ಯಕ್ಕೆ ಹೊಸ ಪ್ರೇಕ್ಷಕರನ್ನು ಒದಗಿಸಿದ ಕಥೆಯಲ್ಲಿ ಈಕೆಯ ಹೆಸರು ಮತ್ತೆ ಮತ್ತೆ ಬರುತ್ತದೆ.

ಅದಕ್ಕೆ ಮೊದಲು ದಿಯಾಗಿಲೆಫ್ ಕಲಿತ ಇನ್ನೊಂದು ಪಾಠವನ್ನು ಹೇಳಬೇಕು. 1921ರ ನವೆಂಬರಿನಲ್ಲಿ ಆತ ಲಂಡನ್ನಿನ ಅಲ್ಹಂಬ್ರಾ ರಂಗಮಂದಿರದಲ್ಲಿ ಚೈಕೋವ್‌ಸ್ಕಿಯ ‘ನಿದ್ರಿಸುವ ರಾಜಕುಮಾರಿ’ಯನ್ನು ಅಪಾರ ವೆಚ್ಚದಲ್ಲಿ ಆಡಿಸಿದ. ಇದು ಹಳೆಯ ರಷ್ಯದ ಸಾಂಪ್ರದಾಯಿಕ ಕೃತಿ. ಸಂಜೆಯೆಲ್ಲ ತುಂಬುವಷ್ಟು ದೀರ್ಘವಾದದ್ದು. ಇದರಲ್ಲಿ ಯಾರನ್ನೂ ಕೆರಳಿಸುವಂಥದು ಏನೂ ಇರಲಿಲ್ಲ. ಯಾರೂ ಕೂಗಲಿಲ್ಲ; ಆದರೆ ಕೆಲವು ವಾರಗಳಲ್ಲಿ ಜನ ಬರುವುದೇ ಕಡಮೆಯಾಯಿತು. ಒಂದು ಸಂಜೆಗೆ ಮೂರು ಚಿಕ್ಕ ಹೊಸ ಕೃತಿಗಳನ್ನು ನೋಡುವ ರೂಢಿಯನ್ನು ಜನರಿಗೆ ಹಿಡಿಸಿದವನು ಅವನೇ. ಆ ರೂಢಿಯವರಿಗೆ ಈಗ ಹಳೆಯದೇ ಅಪರಿಚಿತವಾಗಿ ಕಂಡಿತು. 1922ರ ಫೆಬ್ರುವರಿಯಲ್ಲಿ ಪ್ರದರ್ಶನ ನಿಂತಿತು. ಸಾಲಕ್ಕಾಗಿ ಪರದೆ ಉಡುಪುಗಳು ರಂಗಮಂದಿರದವರ ವಶವಾದುವು.

ಈ ಎರಡು ಪ್ರಸಂಗಗಳನ್ನು ಜೊತೆಗಿಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಪ್ರೇಕ್ಷಕ ವಿರೋಧಿಸುವುದು ಹೊಸದನ್ನಲ್ಲ, ತನ್ನ ರೂಢಿಗೆ ಹೊರತಾದುದನ್ನು. ಹಾಗಾದರೆ ರೂಢಿಯೇ ಇಲ್ಲದವರನ್ನು ಕರೆದು ತಂದರೆ ಹೇಗೆ?

ಲಂಡನ್ನಿನಲ್ಲಿ ಹಾಗೆ ಕರೆದು ತಂದವರಲ್ಲಿ ಇಬ್ಬರು ಮುಖ್ಯರು. ದಿಯಾಗಿಲೆಫನ ತಂಡದಲ್ಲಿ ಕುಣಿದು ಬಂದಿದ್ದ ನಿನೆಟ್ ಡಿ ವಾಲ್ವಾ ಎಂಬ ಐರ್ಲೆಂಡಿನ ಹೆಣ್ಣುಮಗಳು ಒಬ್ಬಳು. ಬಡಜನರಿಗೆ ಕಡಮೆ ದರದಲ್ಲಿ ಷೇಕ್ಸ್‌ಪಿಯರನ ನಾಟಕಗಳನ್ನೂ ಆಪೆರಾಗಳನ್ನೂ ತೋರಿಸುತ್ತಿದ್ದ ‘ಓಲ್ಡ್ ವಿಕ್’ ರಂಗಮಂದಿರದ ಒಡತಿ ಲಿಲಿಯನ್ ಬೇಲಿಸ್ ಈಕೆಗೆ ಆಸರೆ ಕೊಟ್ಟಳು. 1931ರ ಜನವರಿಯಲ್ಲಿ ಇಸ್ಲಿಂಗ್‌ಟನ್ನಿನ ಸ್ಯಾಡ್ಲರ್ಸ್ ವೆಲ್ಸ್ ರಂಗಮಂದಿರ ಪುನಃ ತೆರೆದಾಗ ಅಲ್ಲಿ ಬ್ಯಾಲೆಗೆ ಒಂದು ಮನೆಯಾಯಿತು. ಇಸ್ಲಿಂಗ್‌ಟನ್ ಆಗ ಕೆಲಸಗಾರರ ಬಡಾವಣೆ. ಟಿಕೇಟಿನ ಬೆಲೆ ಅವರ ಕೈಗೆ ಎಟುಕುವಂತಿತ್ತು.

ಎರಡನೆಯವಳು ನಮ್ಮ ರಾಂಬೇರ್. ಆಕೆಯ ದಾರಿ ಬೇರೆ. ನಾಟಿಂಗ್ ಹಿಲ್ ಗೇಟಿನಲ್ಲಿ ಆಕೆ ಮತ್ತು ಆಕೆಯ ಗಂಡ ಆಷ್ಲಿ ಡ್ಯೂಕ್ಸ್ ನಡೆಸಿದ ಮರ್ಕ್ಯುರಿ ರಂಗಮಂದಿರ ಬಹಳ ಚಿಕ್ಕದು. ನೂರೈವತ್ತು ಜನರ ಆಸುಪಾಸಿಗೆ ಅದು ತುಂಬಿಹೋಗುತ್ತಿತ್ತು. ಇಷ್ಟು ಹತ್ತಿರದಲ್ಲಿ ಕುಳಿತವನಿಗೆ ನರ್ತಕಿಯ ಉಸಿರೂ ಕೇಳಿಸುತ್ತದೆ. ಕಣ್ಣಿನ ಒಂದು ಚಲನೆಯೂ ಅರ್ಥವಾಗುತ್ತದೆ. ಸ್ಮಿತ್‌ಫೀಲ್ಡ್ ಮಾಂಸದ ಮಾರುಕಟ್ಟೆಯಲ್ಲಿ ಗುಮಾಸ್ತನಾಗಿದ್ದ ಆಂಟನಿ ಟ್ಯೂಡರ್ ಎಂಬ ತರುಣ 1928ರಲ್ಲಿ ಆಕೆಯ ಬಳಿ ಕಲಿಯಲು ಬಂದ. 1936ರಲ್ಲಿ ಅವನು ಸಂಯೋಜಿಸಿದ ‘ಲೈಲಾಕ್ ತೋಟ’ದಲ್ಲಿ ರಾಜಕುಮಾರಿಯರಿಲ್ಲ, ಹಂಸಗಳಿಲ್ಲ, ಒಲ್ಲದ ಮದುವೆಗೆ ಸಿದ್ಧಳಾದ ಹೆಣ್ಣೊಬ್ಬಳ ಒಳಗಿನ ನೋವಿದೆ. ಆ ಕಿರಿಯ ಸಭೆಯಲ್ಲದೆ ದೊಡ್ಡ ರಂಗಮಂದಿರದಲ್ಲಿ ಇಂಥ ಕೃತಿ ಹುಟ್ಟುವುದೇ ಕಷ್ಟವಿತ್ತು.

ಬಳಿಕ ಯುದ್ಧ ಬಂತು. 1940ರ ಶರತ್ಕಾಲದಲ್ಲಿ ಲಂಡನ್ನಿನ ಮೇಲೆ ರಾತ್ರಿ ರಾತ್ರಿ ಬಾಂಬುಗಳು ಬೀಳುತ್ತಿದ್ದಾಗ ಸಂಜೆಯ ಪ್ರದರ್ಶನ ಸಾಧ್ಯವಿರಲಿಲ್ಲ. ಆಗ ಆರ್ಟ್ಸ್ ರಂಗಮಂದಿರದಲ್ಲಿ ಮಧ್ಯಾಹ್ನದ ಊಟದ ಬಿಡುವಿಗೆ ಸರಿಯಾಗಿ ಒಂದು ಗಂಟೆಯ ಬ್ಯಾಲೆಯನ್ನು ಏರ್ಪಡಿಸಿದರು. ಕಛೇರಿಗಳಲ್ಲಿ ಕೆಲಸ ಮಾಡುವವರೂ ರಜೆಯ ಮೇಲೆ ಬಂದ ಸಿಪಾಯಿಗಳೂ ಒಳಗೆ ಬಂದು ಕುಳಿತರು. ಬೇಡಿಕೆ ಹೆಚ್ಚಿದಾಗ ಚಹದ ವೇಳೆಗೂ ಪ್ರದರ್ಶನ ಬಂತು. ರಾಂಬೇರಳ ತಂಡ 1943ರಿಂದ ಸರಕಾರದ ಬೆಂಬಲದಿಂದ ಊರೂರು ತಿರುಗಿ, ಮದ್ದುಗುಂಡಿನ ಕಾರ್ಖಾನೆಗಳ ಕೆಲಸಗಾರರ ಮುಂದೆ, ಸೈನಿಕರ ಶಿಬಿರಗಳಲ್ಲಿ ಕುಣಿಯಿತು. ಬ್ಯಾಲೆ ಎಂದರೇನೆಂದು ಇವರಲ್ಲಿ ಅನೇಕರಿಗೆ ಗೊತ್ತಿರಲಿಲ್ಲ. ಹೀಗೇ ಇರಬೇಕೆಂಬ ಹಟವೂ ಇರಲಿಲ್ಲ. ಹಳೆಯದು, ಹೊಸದು ಎರಡನ್ನೂ ಅವರು ಒಂದೇ ಮನಸ್ಸಿನಿಂದ ನೋಡಿದರು. 1946ರ ಫೆಬ್ರುವರಿ 20ರಂದು, ಯುದ್ಧಕಾಲದಲ್ಲಿ ಸಾರ್ವಜನಿಕರ ಕುಣಿತದ ಭವನವಾಗಿದ್ದ ಕೋವೆಂಟ್ ಗಾರ್ಡನ್ನಿನ ರಾಯಲ್ ಆಪೆರಾ ಭವನ ಮರಳಿ ತೆರೆಯಿತು. ಅಂದು ಡಿ ವಾಲ್ವಾಳ ತಂಡ ಆಡಿದ್ದು ಅದೇ ನಿದ್ರಿಸುವ ರಾಜಕುಮಾರಿಯ ಕಥೆಯನ್ನು. ಮಾರ್ಗಟ್ ಫಾಂಟೇನ್ ರಾಜಕುಮಾರಿ. ಇಪ್ಪತ್ತನಾಲ್ಕು ವರ್ಷಗಳ ಹಿಂದೆ ಅದೇ ನಗರದಲ್ಲಿ ಸೋತ ಕೃತಿ ಈಗ ಮನೆತುಂಬ ಜನರ ನಡುವೆ ಗೆದ್ದಿತು.

ಇಲ್ಲಿಗೆ ಕಥೆ ಸುಖಾಂತವಾಯಿತೆಂದು ತಾವು ತಿಳಿಯಬಹುದು. ಆದರೆ ಹೊಸ ಪ್ರೇಕ್ಷಕನೂ ಕೆಲವು ವರ್ಷಗಳಲ್ಲಿ ಹಳೆಯ ಪ್ರೇಕ್ಷಕನಾಗುತ್ತಾನೆ. 1950ರ ದಶಕದಲ್ಲಿ ಇಂಗ್ಲೆಂಡಿನ ಊರೂರುಗಳ ಜನ ಪ್ರಸಿದ್ಧ ದೀರ್ಘ ಕೃತಿಗಳನ್ನೇ ಕೇಳತೊಡಗಿದರು. ರಾಂಬೇರಳ ಚಿಕ್ಕ ತಂಡ ಅವರಿಗಾಗಿ ‘ಜಿಸೆಲ್’, ‘ಕೊಪೇಲಿಯ’ಗಳನ್ನು ಹೊತ್ತು ತಿರುಗಬೇಕಾಯಿತು, ಹೊಸ ಕೃತಿಗೆ ಸಮಯವೂ ಹಣವೂ ಉಳಿಯಲಿಲ್ಲ. ಕಡೆಗೆ 1966ರಲ್ಲಿ, ಎಪ್ಪತ್ತೆಂಟರ ವಯಸ್ಸಿನಲ್ಲಿ, ಆಕೆ ನಾರ್ಮನ್ ಮಾರಿಸ್ ಎಂಬ ತನ್ನ ಶಿಷ್ಯನ ಸಲಹೆಯಂತೆ ದೊಡ್ಡ ತಂಡವನ್ನು ಕರಗಿಸಿ ಕೆಲವೇ ನರ್ತಕರನ್ನು ಇಟ್ಟುಕೊಂಡು, ಸಂಪೂರ್ಣವಾಗಿ ಆಧುನಿಕ ನೃತ್ಯದ ಕಡೆ ತಿರುಗಿದಳು. ಕೈಯಲ್ಲಿದ್ದ ಪ್ರೇಕ್ಷಕರನ್ನು ಬಿಟ್ಟು ಇಲ್ಲದ ಪ್ರೇಕ್ಷಕರನ್ನು ಹುಡುಕಿ ಹೊರಡುವುದು ಸಣ್ಣ ಧೈರ್ಯವಲ್ಲ. 1970ರಲ್ಲಿ ಈ ತಂಡ ಮಕ್ಕಳಿಗಾಗಿಯೇ ಒಂದು ಕಾರ್ಯಕ್ರಮ ಮಾಡಿತು. ‘ಬ್ಯಾಲೆ ರಾಂಬೇರ್’ ಎಂಬ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಅದಲುಬದಲು ಮಾಡಿ ‘ಬರ್ಟ್ರಂ ಬಟೆಲ್’ ಎಂಬ ಕಲ್ಪಿತ ಯಜಮಾನನನ್ನು ಹುಟ್ಟಿಸಿ, ಅವನ ಮೇಳವೆಂದು ಅದಕ್ಕೆ ಹೆಸರಿಟ್ಟರು. ಇದಕ್ಕೂ ಮೊದಲು, 1964ರಲ್ಲಿ, ಪೀಟರ್ ಬ್ರಿನ್ಸನ್ ಎಂಬಾತ ‘ಎಲ್ಲರಿಗೂ ಬ್ಯಾಲೆ’ ಎಂಬ ಕಿರುತಂಡವನ್ನು ಕಟ್ಟಿದ್ದ. ಕೆಲವು ನರ್ತಕರು, ನಟರು ಮತ್ತು ಪಿಯಾನೊ ನುಡಿಸುವವರು ಸೇರಿ ಸಣ್ಣ ಊರುಗಳ ಸಭಾಂಗಣಗಳಲ್ಲಿ ಬ್ಯಾಲೆಯ ಚರಿತ್ರೆಯನ್ನು ಮಾತಿನಲ್ಲಿ ಹೇಳಿ, ಕುಣಿದು ತೋರಿಸುತ್ತಿದ್ದರು. ಈವನ್ಸ್ 1913ರಲ್ಲಿ ಕೆಲವು ನಿಮಿಷಗಳಲ್ಲಿ ಮಾಡಹೊರಟ ಕೆಲಸವನ್ನು ಇವರು ಸಾವಧಾನವಾಗಿ ಮಾಡಿದರು.

ಕನ್ನಡಿಗರಿಗೆ ಈ ಪ್ರಶ್ನೆ ದೂರದ್ದಲ್ಲ. ಶಿವರಾಮ ಕಾರಂತರು ಯಕ್ಷಗಾನದಿಂದ ರೂಪಿಸಿದ ಪ್ರಯೋಗವನ್ನು ‘ಯಕ್ಷಗಾನ ಬ್ಯಾಲೆ’ ಎಂದೇ ಕರೆದರು. ಇರುಳಿಡೀ ನಡೆಯುವ ಆಟವನ್ನು ಎರಡು ಮೂರು ಗಂಟೆಗಳಿಗೆ ಇಳಿಸಿದರು. ಮಾತನ್ನು ಬಿಟ್ಟು ಕುಣಿತಕ್ಕೂ ಹಾಡಿಗೂ ಪ್ರಾಧಾನ್ಯ ಕೊಟ್ಟರು. ಪಿಟೀಲು, ಸ್ಯಾಕ್ಸೋಫೋನುಗಳನ್ನು ಸೇರಿಸಿದರು. ಅರ್ಥಗಾರಿಕೆಯೇ ಆಟದ ಜೀವವೆಂದು ಬಲ್ಲವರಿಗೆ ಇದು ಒಪ್ಪಿಗೆಯಾಗದಿದ್ದುದರಲ್ಲಿ ಸೋಜಿಗವಿಲ್ಲ. ಅವರಿಗೆ ಆಟ ಚೆನ್ನಾಗಿ ಗೊತ್ತಿತ್ತು. ಕನ್ನಡವೇ ಬಾರದ ದೂರದ ನಗರಗಳ ಸಭೆಗಳಿಗೆ ಮಾತಿಲ್ಲದ ಆ ಕುಣಿತವೇ ಯಕ್ಷಗಾನದ ಬಾಗಿಲಾಯಿತು.

ರಾಂಬೇರ್ 1982ರಲ್ಲಿ ತೀರಿಕೊಂಡಳು. 1913ರಲ್ಲಿ ತಾಲೀಮಿನ ಕೃತಿಯನ್ನು ಕಣ್ಣಾರೆ ಕಂಡಿದ್ದ ಆಕೆ ಸ್ವರಲಿಪಿಯ ಪುಟಗಳ ಮೇಲೆ ನರ್ತಕರ ಚಲನೆಗಳನ್ನು ಗುರುತುಹಾಕಿ ಇಟ್ಟಿದ್ದಳು. ಮಿಲಿಸೆಂಟ್ ಹಾಡ್ಸನ್ ಎಂಬ ಸಂಶೋಧಕಿ ಆ ಗುರುತುಗಳನ್ನೂ ಇತರ ಸಾಮಗ್ರಿಗಳನ್ನೂ ಕೂಡಿಸಿ, ನಿಜಿನ್‌ಸ್ಕಿಯ ಕಳೆದುಹೋದ ನೃತ್ಯವನ್ನು ಪುನಃ ಕಟ್ಟಿದಳು. ಜಾಫ್ರಿ ಬ್ಯಾಲೆ ತಂಡ ಅದನ್ನು 1987ರಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಆಡಿತು. ಎಂಟು ವರ್ಷಗಳ ಮೇಲೆ, 1995ರಲ್ಲಿ, ಮ್ಯಾಥ್ಯೂ ಬೋರ್ನ್ ಸ್ಯಾಡ್ಲರ್ಸ್ ವೆಲ್ಸ್‌ನಲ್ಲಿ ‘ಹಂಸ ಸರೋವರ’ದ ಹಂಸಗಳ ಪಾತ್ರವನ್ನು ಗಂಡಸರಿಗೆ ಕೊಟ್ಟಾಗ ಕೆಲವರು ಎದ್ದು ಹೊರಗೆ ನಡೆದರು. ಉಳಿದವರು ಊರಿಗೆಲ್ಲ ಹೇಳಿದರು. ಬ್ಯಾಲೆಯನ್ನು ಹಿಂದೆಂದೂ ನೋಡದ ಎಷ್ಟೋ ಜನ ಅದಕ್ಕಾಗಿಯೇ ಮೊದಲ ಬಾರಿ ರಂಗಮಂದಿರಕ್ಕೆ ಬಂದರು.

ಪ್ರೇಕ್ಷಕರನ್ನು ಒಮ್ಮೆ ಸಂಪಾದಿಸಿ ಕೂಡಿಡಲು ಬರುವುದಿಲ್ಲ. ಪ್ರತಿ ತಲೆಮಾರಿನಲ್ಲೂ ಹೊಸದಾಗಿ ಕರೆಯಬೇಕು. ಅದಕ್ಕೆ ಬೇಕಾದುದು ಎಟುಕುವ ಬೆಲೆ, ಹತ್ತಿರದ ಜಾಗ, ಬಿಡುವಿನ ಹೊತ್ತು, ಮೊದಲೆರಡು ಪರಿಚಯದ ಮಾತು. ಇವು ಕಲಾವಿದರ ಮತ್ತು ಸಂಘಟಕರ ಹೊಣೆ. ನಮ್ಮ ನಿಮ್ಮ ಪಾಲಿಗೂ ಸ್ವಲ್ಪ ಉಳಿದಿದೆ. ತಮ್ಮ ಊರಿನಲ್ಲಿ ಹೊಸ ನೃತ್ಯವೊಂದು ಬಂದು ಅದು ಹಿಡಿಸದೆ ಹೋದರೆ, ಕೊನೆಯ ತನಕ ಕುಳಿತು ನೋಡಿ. ಮುಂದಿನ ಸಲ ಹೋಗುವಾಗ, ನೃತ್ಯವನ್ನು ಎಂದೂ ನೋಡದ ನೆರೆಯವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಅವರು ಏನನ್ನು ಕಂಡರೆಂದು ಮನೆಗೆ ಮರಳುವ ದಾರಿಯಲ್ಲಿ ಕೇಳಿ ನೋಡಿ.